ಇಮಾಂ ಸಾಹೇಬರ ಎದುರು ನನ್ನ ಹೆಂಡತಿ

ಹೆಂಡತಿ ತನಗಿಂತ ಚೆನ್ನಾಗಿ ಹಾಡುತ್ತಾಳೆ ಎಂದು ಒಪ್ಪಿಕೊಳ್ಳುವ ಗಂಡಸರನ್ನು ನಾನು ನೋಡಿದ್ದೇನೆ. ತನಗಿಂತ ಚೆನ್ನಾಗಿ ಚೌಕಾಸಿ ಮಾಡುತ್ತಾಳೆ ಎಂದು ಒಪ್ಪಿಕೊಳ್ಳುವವರೂ ಇದ್ದಾರೆ; ಅವರು ಸಂತೆಗೆ ಹೋಗುವ ಕೆಲಸ ತಪ್ಪಿಸಿಕೊಳ್ಳಲು ಹಾಗೆ ಹೇಳುತ್ತಾರೆ. ಆದರೆ ತಾನು ಚಂದಾ ಕೊಟ್ಟು ಕ್ಲಬ್ಬು ಸೇರಿ, ವರ್ಷಗಟ್ಟಲೆ ಸಂಜೆಗಳನ್ನು ಸುರಿದು, ಬೆನ್ನು ಬಗ್ಗಿಸಿ ಕಲಿತ ಆಟವನ್ನು ಹೆಂಡತಿ ಕೆಲವೇ ತಿಂಗಳ ಮಂಗಳವಾರಗಳಲ್ಲಿ ಕಲಿತು ತನ್ನನ್ನೇ ಸೋಲಿಸಿದಳು ಎಂದು ಹೇಳಿಕೊಳ್ಳುವ ಗಂಡಸು ಬಹುಶಃ ನಾನೊಬ್ಬನೇ. ಹೇಳಿಕೊಳ್ಳದೆ ನನಗೆ ಬೇರೆ ದಾರಿಯೂ ಇಲ್ಲ. ಮಂಡ್ಯದಲ್ಲಿ ಈ ವಿಷಯ ಗೊತ್ತಿಲ್ಲದವರು ಯಾರೂ ಉಳಿದಿಲ್ಲ.

ಆಗ ಯುದ್ಧ ನಡೆಯುತ್ತಿತ್ತು. ಸೀಮೆಎಣ್ಣೆಗೂ ಬಟ್ಟೆಗೂ ಪರದಾಡುವ ಕಾಲ. ನಾನು ನಾಲೆ ಇಲಾಖೆಯಲ್ಲಿ ಓವರ್‌ಸೀಯರ್ ಆಗಿದ್ದೆ. ಹಗಲೆಲ್ಲ ತೂಬಿನ ಬಳಿ ನಿಂತು ರೈತರ ಬೈಗುಳ ತಿನ್ನುವುದು, ಸಂಜೆ ನಮ್ಮ ಸಣ್ಣ ಕ್ಲಬ್ಬಿಗೆ ಹೋಗಿ ಬಿಲಿಯರ್ಡ್ಸ್ ಆಡುವುದು ನನ್ನ ದಿನಚರಿ. ಬಿಲಿಯರ್ಡ್ಸ್ ಗೊತ್ತಿಲ್ಲದವರಿಗೆ ಒಂದು ಮಾತು: ಹಸಿರು ಬಟ್ಟೆ ಹೊದಿಸಿದ ದೊಡ್ಡ ಮೇಜು, ಎರಡು ಬಿಳಿ ಚೆಂಡು, ಒಂದು ಕೆಂಪು ಚೆಂಡು, ಮೇಜಿನ ಅಂಚಿನಲ್ಲಿ ಆರು ಕುಳಿ. ಉದ್ದನೆಯ ಕೋಲಿನಿಂದ ಚೆಂಡು ತಳ್ಳಿ ಕುಳಿಗೆ ಬೀಳಿಸಿದರೆ ಅಂಕ ಬರುತ್ತದೆ. ಯಾರು ಮೊದಲು ನೂರು ಮಾಡುತ್ತಾರೋ ಅವರು ಗೆದ್ದಂತೆ. ಹೇಳುವುದು ಇಷ್ಟು ಸುಲಭ. ನಮ್ಮ ಮೇಜಿನ ಬಟ್ಟೆ ಒಂದು ಕಡೆ ಹರಿದಿತ್ತು. ಹೊಸ ಬಟ್ಟೆ ಹಡಗಿನಲ್ಲಿ ಬರಬೇಕು, ಹಡಗುಗಳಿಗೆ ಬೇರೆ ಕೆಲಸವಿತ್ತು. ಹಾಗಾಗಿ ದರ್ಜಿಯಿಂದ ತೇಪೆ ಹಾಕಿಸಿಕೊಂಡು ಆಡುತ್ತಿದ್ದೆವು. ನಾನು ತಪ್ಪಿ ಹೊಡೆದಾಗಲೆಲ್ಲ ಆ ತೇಪೆಯನ್ನು ಬೈಯುತ್ತಿದ್ದೆ. ಚೆಂಡು ತೇಪೆಯ ಹತ್ತಿರ ಸುಳಿಯದಿದ್ದರೂ ಬೈಯುತ್ತಿದ್ದೆ.

ಮಂಗಳವಾರ ಮಧ್ಯಾಹ್ನ ಕ್ಲಬ್ಬು ಹೆಂಗಸರಿಗೆ. ಅವರಿಗೆಂದು ಒಂದು ಕೋಣೆ, ಒಂದು ಕೇರಂ ಬೋರ್ಡು, ಹಳೆಯ ವಾರಪತ್ರಿಕೆಗಳು. ನನ್ನ ಹೆಂಡತಿ ಜಯಮ್ಮ ಮದ್ದೂರಿನವಳು. ಅಣ್ಣತಮ್ಮಂದಿರ ಜೊತೆ ಕೇರಂ ಆಡಿ ಅವರನ್ನೆಲ್ಲ ಅಳಿಸಿ ಬೆಳೆದವಳು. ಕ್ಲಬ್ಬಿನ ಹೆಂಗಸರನ್ನೂ ಒಂದೇ ತಿಂಗಳಲ್ಲಿ ಹಾಗೆಯೇ ಮಾಡಿದಳು. ಆಮೇಲೆ ಅವಳ ಎದುರು ಕೂರುವವರೇ ಇಲ್ಲವಾದರು. ಒಂದು ಮಂಗಳವಾರ ಬೇಸರ ಹತ್ತಿ ಪಕ್ಕದ ಬಿಲಿಯರ್ಡ್ಸ್ ಕೋಣೆಗೆ ಹೋಗಿ, ನನ್ನದೇ ಕೋಲು ಎತ್ತಿಕೊಂಡು ಆಡಿದ್ದಾಳೆ. ಆ ಸಂಜೆ ಮನೆಯಲ್ಲಿ ಅವಳ ಮುಖ ಬೇರೆಯಾಗಿತ್ತು. ನಾಲೆಯ ಕ್ವಾರ್ಟರ್ಸಿಗೆ ಬಂದಾಗಿನಿಂದ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಹೆಸರಿಗೆ ಪಟ್ಟಣ, ಬಾಗಿಲು ಹಾಕಿದರೆ ನಾಲ್ಕು ಗೋಡೆ, ಮಾತಾಡಿಸಲು ನಾನೊಬ್ಬ. ನಾನು ಎಂಥ ಮಾತುಗಾರನೆಂದು ಅವಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಮಂಗಳವಾರ ಬಂತೆಂದರೆ ಬೆಳಿಗ್ಗೆಯೇ ಅಡುಗೆ ಮುಗಿಸಿ ಸಿದ್ಧಳಾಗಿಬಿಡುತ್ತಿದ್ದಳು. ಅವಳಿಗೆ ವಾರದಲ್ಲಿ ಇದ್ದದ್ದೇ ಅದೊಂದು ದಿನ.

ಕೆಲವು ತಿಂಗಳ ಮೇಲೆ ಇದು ಕ್ಲಬ್ಬಿನ ಅಧ್ಯಕ್ಷರ ಕಿವಿಗೆ ಬಿತ್ತು. ಅವರು ನಿವೃತ್ತ ಅಮಲ್ದಾರರು, ಕಚೇರಿ ಬಿಟ್ಟರೂ ದರ್ಬಾರು ಬಿಟ್ಟವರಲ್ಲ. "ಹೆಂಗಸರು ಮೇಜಿನ ಮೇಲೆ ಬಗ್ಗಿ ಕೋಲು ಹಿಡಿಯೋದು ಲಕ್ಷಣವಲ್ಲ. ಆ ಕೋಣೆಗೆ ಬೀಗ ಹಾಕಿಸ್ತೀನಿ" ಎಂದರು. ಅಷ್ಟಕ್ಕೆ ಸುಮ್ಮನಿರಬೇಕಾಗಿತ್ತು. ನಾನು ಸುಮ್ಮನಿದ್ದೆ ಕೂಡ. ಆದರೆ ಅವರು ಮುಂದುವರಿದು, "ಅಷ್ಟಕ್ಕೂ ಹೆಂಗಸರಿಗೆ ಈ ಆಟ ಎಲ್ಲಿ ಬರುತ್ತೆ?" ಎಂದುಬಿಟ್ಟರು. ಹಿಂದಿನ ಮಂಗಳವಾರವಷ್ಟೇ, ಕರೆದುಕೊಂಡು ಹೋಗಲು ಬಂದ ನನ್ನನ್ನು ಒಂದು ಆಟಕ್ಕೆ ನಿಲ್ಲಿಸಿ ಸೋಲಿಸಿದವಳ ಬಗ್ಗೆ ಆ ಮಾತು ಕೇಳಿ ನನಗೆ ಎಲ್ಲಿಲ್ಲದ ರೋಷ ಬಂತು. ಅವಳಿಗೆ ಆಟ ಬರುವುದಿಲ್ಲವಾದರೆ ಅವಳಿಂದ ಸೋತ ನನ್ನ ಗತಿ ಏನು? "ಯಾರನ್ನು ಬೇಕಾದರೂ ಕರೆಸಿ ಸ್ವಾಮಿ, ಗೆಲ್ತಾಳೆ" ಎಂದೆ. ಅಮಲ್ದಾರರು ಮೀಸೆಯಲ್ಲೇ ನಕ್ಕರು. "ಹಾಗಾದ್ರೆ ಬರೋ ಭಾನುವಾರ ಇಮಾಂ ಸಾಹೇಬರನ್ನೇ ಕರೆಸೋಣ. ಗೆದ್ದರೆ ಮಂಗಳವಾರ ಕೋಣೆ ಹೆಂಗಸರದು. ಸೋತರೆ ಬೀಗ."

ಇಮಾಂ ಸಾಹೇಬರು ಮಳವಳ್ಳಿಯವರು. ಮೈಸೂರಿನ ಕ್ಲಬ್ಬೊಂದರಲ್ಲಿ ಬಹಳ ಕಾಲ ಸಂಬಳಕ್ಕೆ ಆಡಿ, ದೊರೆಗಳಿಗೆಲ್ಲ ಆಟ ಕಲಿಸಿ ಬಂದವರು. ಆಗ ಮಂಡ್ಯ, ಮದ್ದೂರು, ಮಳವಳ್ಳಿ ಎಂದು ತಿರುಗುತ್ತಾ ಕ್ಲಬ್ಬಿನವರ ಜೊತೆ ಆಡಿ ಅದರಿಂದಲೇ ಸಂಸಾರ ಸಾಗಿಸುತ್ತಿದ್ದರು. ಅವರ ಕೈಯಲ್ಲಿ ಚೆಂಡು ಸಾಕಿದ ಪ್ರಾಣಿಯ ಹಾಗೆ ಹೇಳಿದ ಕಡೆ ಹೋಗುತ್ತಿತ್ತು. ನಾನು ಬಸ್ ಸ್ಟ್ಯಾಂಡಿನಲ್ಲೇ ಅವರನ್ನು ಹಿಡಿದು, ಸುತ್ತಿ ಬಳಸಿ, ಅಕ್ಕರೆಯಿಂದ ಮಾತು ತೆಗೆದೆ. ಅವರು ನನ್ನ ಮಾತು ಮುಗಿಯಲು ಬಿಡಲಿಲ್ಲ.

"ಬುಡಿ ಸ್ವಾಮಿ, ನೀವೇನ್ ಕೇಳ್ತೀರಾ ಗೊತ್ತು. ನಾನು ಬುಟ್ಕೊಡಾಕಿಲ್ಲ. ಈ ಕೋಲೇ ನಂಗೆ ಒಲ ಗದ್ದೆ ಎಲ್ಲಾ. ಹೆಂಗ್ಸಿನ ಕೈಲಿ ಸೋತ ಅಂದ್ರೆ ನಾಳಿಕ್ಕೆ ಮದ್ದೂರ್‌ನೋರು ಯಾಕ್ ಕರೀತಾರೆ ನನ್ನ?"

ಮನೆಗೆ ಬಂದು ಜಯಮ್ಮನಿಗೆ ಇದನ್ನು ಹೇಳಿದೆ. ಅವಳು ಕೆಂಡವಾದಳು. "ಬುಟ್ಕೊಡಿ ಅಂತ ನಿಮ್ಮನ್ನ ಯಾರು ಕೇಳಿದ್ರು? ಅಂಗ್ ಗೆದ್ರೆ ಆ ಕೋಣೆ ಒಳಗೆ ಯಾವ ಮುಖ ಇಟ್ಕೊಂಡು ಓಗ್ಲಿ ನಾನು?" ಎಂದವಳು, ಅಡುಗೆಮನೆಯ ನೆಲದ ಮೇಲೆ ಮೂರು ನಿಂಬೆಹಣ್ಣು ಇಟ್ಟು, ಒಲೆ ಊದುವ ಕೊಳವೆಯಿಂದ ತಳ್ಳುತ್ತಾ ಕೂತಳು. ಆ ವಾರ ನಮ್ಮ ಮನೆಯಲ್ಲಿ ಮೂರು ಹೊತ್ತೂ ಜಜ್ಜಿದ ನಿಂಬೆಹಣ್ಣಿನ ಚಿತ್ರಾನ್ನ. ನಾನು ಉಸಿರೆತ್ತದೆ ತಿಂದೆ.

ಭಾನುವಾರ ಬಂತು. ಕ್ಲಬ್ಬಿನ ಕಿಟಕಿಗಳಲ್ಲೆಲ್ಲ ತಲೆಗಳು. ಒಂದು ಪದ್ಧತಿ ಇತ್ತು: ಇಮಾಂ ಸಾಹೇಬರು ಯಾರ ಜೊತೆ ಆಡಿದರೂ ಎದುರಾಳಿಗೆ ಮೊದಲೇ ಇಷ್ಟು ಅಂಕ ಎಂದು ಕೊಟ್ಟು ಆಟ ಶುರು ಮಾಡುತ್ತಿದ್ದರು. ನನಗೆ ಯಾವಾಗಲೂ ಐವತ್ತು ಕೊಡುತ್ತಿದ್ದರು. ಜಯಮ್ಮನಿಗೆ ಎರಡು ಏಟು ಹೊಡೆಯಲು ಹೇಳಿ, ಕಣ್ಣು ಕಿರಿದು ಮಾಡಿ ನೋಡಿ, "ಅಮ್ಮಾವ್ರಿಗೆ ಮೂವತ್ತು" ಎಂದರು. ನನಗೆ ಹೊಟ್ಟೆ ಉರಿಯಿತು. ಹೆಣ್ಣೆಂದು ಹೀಗೆ ಜುಗ್ಗತನ ಮಾಡುವುದೇ ಎಂದು ಜಗಳಕ್ಕೇ ಹೊರಟೆ. ಜಯಮ್ಮ ಕಣ್ಣಲ್ಲೇ ತಡೆದಳು. ಚೆನ್ನಾಗಿ ಆಡುವವರಿಗೆ ಕಡಿಮೆ, ಆಡಲು ಬಾರದವರಿಗೆ ಹೆಚ್ಚು ಎಂಬ ಲೆಕ್ಕ ಅಷ್ಟು ವರ್ಷ ಐವತ್ತು ತೆಗೆದುಕೊಂಡ ನನ್ನ ತಲೆಗೆ ಆವತ್ತಿನವರೆಗೂ ಹೊಳೆದೇ ಇರಲಿಲ್ಲ.

ಆಟ ಶುರುವಾಯಿತು. ಅಮಲ್ದಾರರೇ ತೀರ್ಪುಗಾರರು. ಇಮಾಂ ಸಾಹೇಬರು ಬಂದವರೇ ಮೇಜು ಬಿಡದೆ ಹೊಡೆದರು. ಕೊಟ್ಟ ಮೂವತ್ತನ್ನು ಒಂದೇ ಸರದಿಯಲ್ಲಿ ದಾಟಿದರು. ಜಯಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು ಬಗ್ಗಿದಳು. ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು. ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಬೇಡವೆನಿಸಿತೋ. ಕೆಂಪು ಚೆಂಡು ಕುಳಿಗೆ ಬಿತ್ತು. ತೆಗೆದು ಮೇಜಿನ ಮೇಲಿಟ್ಟರೆ ಮತ್ತೆ ಬಿತ್ತು. ಅವಳು ಅವಸರವಿಲ್ಲದೆ, ಒಂದೊಂದೇ ಗಂಟು ಬಿಚ್ಚುವವಳ ಹಾಗೆ ಅಂಕ ಮಾಡುತ್ತಾ ಹೋದಳು. ಅವರು ಮುಂದೆ ಹೋಗುವುದು, ಇವಳು ಹಿಂದೆಯೇ ಹೋಗಿ ಹಿಡಿಯುವುದು. ಕಿಟಕಿಯ ನಗು ಯಾವಾಗ ನಿಂತಿತೋ ಗೊತ್ತಿಲ್ಲ. ನನ್ನ ಪಾಡು ಕೇಳಬೇಡಿ. ಅವಳು ಹೊಡೆಯುವಾಗ ನನ್ನ ಉಸಿರು ನಿಲ್ಲುತ್ತಿತ್ತು, ಅವರು ಹೊಡೆಯುವಾಗ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದೆ. ಆ ಮನುಷ್ಯನ ಮೇಲೆ ನನಗೆ ಗೌರವವಿತ್ತು, ಆದರೂ ಹಾಕುತ್ತಿದ್ದೆ.

ಕೊನೆಗೆ ಇಮಾಂ ಸಾಹೇಬರು ತೊಂಬತ್ತೆಂಟಕ್ಕೆ ಬಂದು ಕೂದಲೆಳೆಯಷ್ಟರಲ್ಲಿ ತಪ್ಪಿದರು. ಜಯಮ್ಮ ತೊಂಬತ್ತೇಳರಲ್ಲಿದ್ದಳು. ಕೆಂಪು ಚೆಂಡು ಬಿದ್ದರೆ ಮೂರು ಅಂಕ, ಅಲ್ಲಿಗೆ ನೂರು. ತಪ್ಪಿದರೆ ಸಾಹೇಬರಿಗೆ ಇನ್ನೊಂದೇ ಏಟು ಸಾಕು. ಕೆಂಪು ಚೆಂಡು ಮೇಜಿನ ಆ ತುದಿಯಲ್ಲಿತ್ತು, ದೂರದ ಏಟು. ಅವಳು ಬಗ್ಗಿದಳು. ಕೋಲು ಹಿಂದಕ್ಕೆಳೆದಳು. ಆಗ ಬಾಗಿಲು ದಡಾರನೆ ತೆರೆಯಿತು.

"ಯಾವನ್ಲಾ ಅವ್ನು, ನಮ್ಮ ಸೊಸೆ ಮ್ಯಾಲೆ ಕೋಲೆತ್ತಿರೋನು?"

ನಮ್ಮಪ್ಪ! ನಮ್ಮೂರು ಕೊತ್ತತ್ತಿಯಿಂದ ಗಾಡಿ ಕಟ್ಟಿಕೊಂಡು ಬಂದಿದ್ದಾನೆ. ತಲೆಗೆ ರುಮಾಲು, ಕೈಯಲ್ಲಿ ಬಿದಿರು ದೊಣ್ಣೆ, ಹಿಂದೆ ಇಬ್ಬರು ಗಟ್ಟಿ ಆಳುಗಳು, ಅವರ ಕೈಯಲ್ಲೂ ದೊಣ್ಣೆ. ಓವರ್‌ಸೀಯರರ ಹೆಂಡತಿಗೂ ಮಳವಳ್ಳಿ ಸಾಹೇಬರಿಗೂ ಕ್ಲಬ್ಬಿನಲ್ಲಿ ಕೋಲಿನಲ್ಲಿ ಪಂದ್ಯ ಎಂಬ ಸುದ್ದಿ ಊರು ಮುಟ್ಟಿತ್ತು. ಕೋಲು ಎಂದರೆ ಅಪ್ಪನಿಗೆ ಗೊತ್ತಿದ್ದ ಉಪಯೋಗ ಒಂದೇ. ಗಂಡನಾದವನು ಹೇಗೂ ಉಪಯೋಗಕ್ಕೆ ಬರುವವನಲ್ಲ ಎಂದು ತಾನೇ ಹೊರಟು ಬಂದಿದ್ದ. ಇಮಾಂ ಸಾಹೇಬರು ತಮ್ಮ ಕೈಯಲ್ಲಿದ್ದ ಕೋಲನ್ನು ನೋಡಿಕೊಂಡರು, ಮೆಲ್ಲಗೆ ಮೂಲೆಗೆ ಒರಗಿಸಿದರು. ನಾನು ಓಡಿಹೋಗಿ ಅಪ್ಪನ ದೊಣ್ಣೆ ಹಿಡಿದು, ಇದು ಆಟ, ಚೆಂಡು ಕುಳಿಗೆ ಹಾಕುವ ಆಟ ಎಂದು ಬಡಬಡಿಸಿದೆ.

"ಗೋಲಿ ಆಟನಾ?"

"ಊಂ ಕಣಪ್ಪ, ಅಂಗೇ. ದೊಡ್ ಗೋಲಿ."

"ಅದ್ಕೆ ಇಷ್ಟ್ ಜನಾನಾ?" ಎಂದು ಅಪ್ಪ ದೊಣ್ಣೆ ಇಳಿಸಿದ. ಗಂಡಾಂತರ ಕಳೆಯಿತು ಎಂದುಕೊಂಡು ತಿರುಗಿದರೆ, ಮೇಜಿನ ಬಳಿ ಜಯಮ್ಮ ಇಲ್ಲ. ಕೋಲು ಗೋಡೆಗೆ ಒರಗಿತ್ತು. ತಲೆ ಮೇಲೆ ಸೆರಗೆಳೆದುಕೊಂಡು ಒಳಬಾಗಿಲ ಹಿಂದೆ ನಿಂತಿದ್ದಳು. ನಮ್ಮ ಕಡೆ ಸೊಸೆಯಾದವಳು ಮಾವನ ಎದುರಿಗೆ ಬರುವುದಿಲ್ಲ, ಕೂರುವುದಿಲ್ಲ, ಮಾತಾಡುವುದಿಲ್ಲ. ಮದುವೆಯಾದಂದಿನಿಂದ ಅವರಿಬ್ಬರೂ ಒಂದು ಮಾತನ್ನೂ ನೇರವಾಗಿ ಆಡಿರಲಿಲ್ಲ. ಅಪ್ಪನಿಗೆ ನೀರು ಬೇಕಾದರೆ ನನಗೆ ಹೇಳುವುದು, ನಾನು ಅವಳಿಗೆ ಹೇಳುವುದು. ಅಂಥವಳು ಮಾವನ ಮುಂದೆ ಮೇಜಿನ ಮೇಲೆ ಬಗ್ಗುವುದುಂಟೇ?

ಅಮಲ್ದಾರರು ಜೇಬಿನಿಂದ ಗಡಿಯಾರ ತೆಗೆದರು. "ಆಟಗಾರರು ಮೇಜು ಬಿಟ್ಟು ಹೋದರೆ ಸೋತಂತೆ. ಕಾನೂನು" ಎಂದರು. ಅವರ ದನಿಯಲ್ಲಿ ಬೀಗದ ಸದ್ದು ನನಗೆ ಕೇಳಿಸಿತು. ನನಗೆ ಅಳುವೇ ಬಂತು.

"ಅದು ನಾನ್ ಹೇಳ್ಬೇಕಾದ್ ಮಾತು ಸ್ವಾಮಿ" ಎಂದರು ಇಮಾಂ ಸಾಹೇಬರು, ಬೆಂಚಿನ ಮೇಲೆ ಕೂತು. "ದೊಡ್ಡೋರು ಬಂದವ್ರೆ. ನಮ್ ಮನೇಲೂ ಸೊಸೆ ಅವ್ಳೆ. ನಾನ್ ಕಾಯ್ತೀನಿ."

"ಅಪ್ಪ, ನೀನು ಒಸಿ ಆಚೆ ಕೂತ್ಕೊ. ನೀನಿದ್ರೆ ಅವಳು ಆಡಾಕಿಲ್ಲ" ಎಂದೆ.

"ಎತ್ತು ಒಡ್ಕೊಂಡು ಬಂದಿವ್ನಿ ಕಣ್ಲಾ. ಗೆದ್ಲಾ ಸೋತ್ಲಾ ತಿಳೀದೆ ಎಲ್ಗೂ ಓಗಾಕಿಲ್ಲ." ಅಪ್ಪ ಒಂದು ಗಳಿಗೆ ಒಳಬಾಗಿಲ ಕಡೆ ನೋಡಿದ. ಸೆರಗಿನ ಅಂಚು ಕಾಣುತ್ತಿತ್ತು. ಆಮೇಲೆ ಒಂದು ಕುರ್ಚಿಯನ್ನು ದರದರ ಎಳೆದುಕೊಂಡು ಹೋಗಿ, ಗೋಡೆಗೆ ಮುಖ ಮಾಡಿ ಹಾಕಿಕೊಂಡು, ನಮಗೆಲ್ಲ ಬೆನ್ನು ತೋರಿಸಿ ಕೂತುಬಿಟ್ಟ. "ಲೇ, ನೀವೂ ತಿರುಕ್ಕಳ್ರಲಾ" ಎಂದು ಆಳುಗಳಿಗೆ ಗದರಿದ. ಅವರಿಬ್ಬರೂ ಗೋಡೆಗೆ ತಿರುಗಿ ನಿಂತರು. "ಊಂ, ಆಡ್ಲಿ. ಏನಾಯ್ತದೆ ಅಂತ ನೀನು ಕೂಗ್ಲಾ."

ಜಯಮ್ಮ ಹೊರಗೆ ಬಂದಳು. ಕೋಲು ತೆಗೆದುಕೊಂಡಳು. ಗೋಡೆಗೆ ತಿರುಗಿದ ಮಾವನ ಬೆನ್ನನ್ನು ಒಮ್ಮೆ ನೋಡಿದಳು.

"ಏನಾಯ್ತಲಾ?"

"ಬಗ್ಗಿದ್ಲು ಕಣಪ್ಪ."

"ಈಗ?"

"ಎದ್ಲು."

ನಿಜ, ಎದ್ದಿದ್ದಳು. ಹಣೆಯ ಬೆವರು ಒರೆಸಿಕೊಂಡು, ಮೇಜಿನ ಸುತ್ತ ಒಂದು ಸಲ ನೋಡಿ, ಮತ್ತೆ ಬಗ್ಗಿದಳು. ಈ ಸಲ ಏಳಲಿಲ್ಲ. ಅಮಲ್ದಾರರು ಗಡಿಯಾರ ಮರೆತು ಬಾಯಿ ಬಿಟ್ಟಿದ್ದರು. ಇಮಾಂ ಸಾಹೇಬರು ಬೆಂಚಿನಿಂದ ಎದ್ದು ನಿಂತಿದ್ದರು. ನನ್ನ ಕೈಲಾಗಲಿಲ್ಲ, ಕಣ್ಣು ಮುಚ್ಚಿಕೊಂಡೆ. ಟಕ್ಕೆಂದಿತು. ಚೆಂಡು ಉರುಳುವ ಸದ್ದು. ಅದು ಎಷ್ಟು ಹೊತ್ತು ಉರುಳಿತು ಎಂದರೆ ನಾನು ನಮ್ಮ ಮನೆದೇವರ ಹರಕೆಯನ್ನೆಲ್ಲ ಮುಗಿಸಿಬಿಟ್ಟೆ. ಆಮೇಲೆ ಸದ್ದೇ ಇಲ್ಲ.

"ಏನಾಯ್ತಲಾ? ಬಾಯ್ ಬುಡ್ಲಾ!" ಎಂದು ಅಪ್ಪ ಗೋಡೆಗೆ ಕೂಗಿದ.

ನನಗೆ ಗೊತ್ತಿರಲಿಲ್ಲ. ಕಣ್ಣು ಬಿಡುವಷ್ಟರಲ್ಲಿ ಬೇರೊಂದು ದನಿ ಕೇಳಿತು. ಮೆತ್ತಗೆ, ಆದರೆ ಕೋಣೆಗೆಲ್ಲ ಕೇಳುವಂತೆ.

"ಗೆದ್ದೆ ಕಣ್ ಮಾವ."

ಅಷ್ಟು ವರ್ಷದಲ್ಲಿ ಸೊಸೆಯಿಂದ ಅಪ್ಪ ಕೇಳಿದ ಮೊದಲ ಮಾತು ಅದು. ಬೆನ್ನು ತಿರುಗಿಸಿಕೊಂಡೇ ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡ. "ಒಳ್ಳೇದಾಯ್ತು ಕಣವ್ವ" ಎಂದ. ಇಮಾಂ ಸಾಹೇಬರು ಕೈ ಮುಗಿದು, "ಅಮ್ಮಾ, ಮುಂದಿನ್ ಸಲ ಇಪ್ಪತ್ತೇ ಕೊಡೋದು" ಎಂದರು. ಅವರು ಹೆದರಿದ ಹಾಗೆ ಏನೂ ಆಗಲಿಲ್ಲ. ಅಂಥ ಆಟ ನಾವೂ ನೋಡಬೇಕೆಂದು ಮದ್ದೂರಿನವರು ಅವರನ್ನು ಎರಡೆರಡು ಸಲ ಕರೆಸಿಕೊಂಡರು.

ಬೀಗ ಅಮಲ್ದಾರರ ಮನೆಯಲ್ಲೇ ಉಳಿಯಿತು. ಮಂಗಳವಾರ ಜಯಮ್ಮನ ಜೊತೆ ಈಗ ಇನ್ನೂ ನಾಲ್ಕು ಜನ ಹೆಂಗಸರು ಆಡುತ್ತಾರೆ. ಮಾವ ಸೊಸೆಯ ಮಾತೂ ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ಅಪ್ಪ ಊರಿಂದ ಬಂದರೆ ಜಗಲಿಯಲ್ಲಿ ಕೂತು ಅವಳ ಜೊತೆಯೇ ಮಳೆ, ಬೆಳೆ, ಕಬ್ಬು, ಗೋಲಿ ಆಟ ಎಲ್ಲ ಮಾತಾಡುತ್ತಾನೆ. ಅವಳು ಬಾಗಿಲ ಮರೆಯಿಂದಲೇ ಉತ್ತರಿಸುತ್ತಾಳೆ. ಮಧ್ಯೆ ನಿಂತ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಮೊನ್ನೆ ಮಾತ್ರ ಅಪ್ಪನಿಗೆ ನನ್ನ ನೆನಪಾಯಿತು. "ಇವ್ನೂ ಆಡ್ತಾನಂತಲ್ಲವ್ವ. ಇವತ್ತು ಸಂಜಿಕೆ ಓಗಿ ಇವನಾಟಾನೂ ಒಂದ್ಸಲ ನೋಡ್ಕೊಂಡೇ ಬತ್ತೀನಿ" ಎಂದ.

ಬಾಗಿಲ ಮರೆಯಿಂದ ಬಹಳ ವಿನಯದ ದನಿ ಬಂತು: "ಓಗ್ಬನ್ನಿ ಮಾವ. ಆದ್ರೆ ಅವರಾಟಕ್ಕೂ ನೀವು ಗೋಡೆ ಕಡೆ ತಿರುಕ್ಕೊಂಡೇ ಕೂತ್ಕೊಂಡ್ರೆ ವಾಸಿ."