ಮಂಜಿನಲ್ಲಿ ಲಾರಿ ನಿಲ್ಲಿಸುವ ಜಾಗ

ಕುರ್ಚಿ ಬಿಟ್ಟು ಏಳದೆ ಲೋಕೋದ್ಧಾರ ಮಾಡುವವರಲ್ಲಿ ನಾನೂ ಒಬ್ಬ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಕೂತಿದ್ದೇನೆ. ನಾನು ಸವೆದಿಲ್ಲ, ಮೂರು ಕುರ್ಚಿ ಸವೆದಿವೆ. ಚಳಿಗಾಲದಲ್ಲಿ ಇಲ್ಲಿ ಮಂಜು ಕವಿದರೆ ಲಾರಿಗಳು ದಿಕ್ಕು ತೋಚದೆ ಹೆದ್ದಾರಿಯ ಮೇಲೆಯೇ ನಿಲ್ಲುತ್ತವೆ, ಹಿಂದಿನಿಂದ ಬಂದವರು ಗುದ್ದುತ್ತಾರೆ. ಅಂಥ ಹೊತ್ತಿಗೆ ಲಾರಿ ನಿಲ್ಲಿಸಲು ಸುರಕ್ಷಿತ ಜಾಗ ಗುರುತಿಸಲೆಂದು ನಮ್ಮಲ್ಲೊಂದು ಸಮಿತಿಯಾಯಿತು. ಅಧ್ಯಕ್ಷರು ತಮ್ಮ ಕಾರಿನ ಬಾಗಿಲನ್ನೂ ಸ್ವತಃ ತೆಗೆದವರಲ್ಲ. ಕಾರ್ಯದರ್ಶಿಯಾದ ನನಗೆ ಸ್ಕೂಟರಿಗೆ ಸ್ಟ್ಯಾಂಡ್ ಹಾಕಲು ಬರುವುದಿಲ್ಲ. ಲಾರಿ ಚಾಲಕರೊಬ್ಬರನ್ನು ಕರೆಯೋಣವೆಂದು ಯಾರೋ ಅಂದರು. ಅವರನ್ನು ಕೂರಿಸುವುದೆಲ್ಲಿ ಎಂಬ ಪ್ರಶ್ನೆ ಎದ್ದು ಆ ಮಾತು ಅಲ್ಲಿಗೇ ನಿಂತಿತು. ಮೂರು ಸಭೆಗಳು ಜಾಗ ತೋರಿಸುವ ಫಲಕ ಹಳದಿಯೋ ನೀಲಿಯೋ ಎಂಬುದರಲ್ಲೇ ಮುಗಿದವು. ಮಂಜಿನಲ್ಲಿ ಎರಡೂ ಕಾಣುವುದಿಲ್ಲವೆಂದು ನನಗೆ ಹೊಳೆದಿತ್ತು. ಆದರೆ ಅಷ್ಟರಲ್ಲಿ ಸಮೋಸಾ ಬಂತು.

ಜಾಗ ಹುಡುಕುವ ಕೆಲಸ ನನ್ನ ತಲೆಗೆ ಬಿತ್ತು. ಕಂಪ್ಯೂಟರಿನ ಭೂಪಟದಲ್ಲಿ ಗ್ರೇಟರ್ ನೋಯ್ಡಾದ ದಾರಿ ಪಕ್ಕ ಅಚ್ಚ ಹಸಿರಾದ, ಒಂದು ಮರವೂ ಇಲ್ಲದ, ಹಪ್ಪಳದಂತೆ ಸಮತಟ್ಟಾದ ಮೈದಾನ ಕಂಡಿತು. ಕೆಂಪು ವೃತ್ತ ಎಳೆದು ‘ಸ್ಥಳ ಪರಿಶೀಲಿಸಲಾಗಿದೆ’ ಎಂದು ಬರೆದೆ. ಪರಿಶೀಲಿಸಿದ್ದೆ ಕೂಡ, ಕನ್ನಡಕ ಒರೆಸಿಕೊಂಡು. ಚಳಿ ಶುರುವಾಗುವ ಹೊತ್ತಿಗೆ ಅಲ್ಲಿ ಫಲಕವನ್ನೂ ನೆಟ್ಟರು.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ಸುಮಿತ್ರಾಳ ಅಣ್ಣನ ಗೃಹಪ್ರವೇಶಕ್ಕೆಂದು ದ್ವಾರಕಾದಿಂದ ಗ್ರೇಟರ್ ನೋಯ್ಡಾಕ್ಕೆ ಹೊರಟೆವು. ಕಾರು ಓಡಿಸುತ್ತಿದ್ದವಳು ಅವಳೇ. ಗ್ರೇಟರ್ ನೋಯ್ಡಾ ಹತ್ತಿರವಾದಂತೆ ಮಂಜು ಕವಿಯಿತು. ಇದ್ದಕ್ಕಿದ್ದಂತೆ ಎದುರಿಗೆ ನಿಂತ ಲಾರಿಯ ಬೆನ್ನು! ಅವಳು ಬ್ರೇಕ್ ಒತ್ತಿದಳು. ಕಾರು ಒಂದು ಮೊಳ ದೂರದಲ್ಲಿ ನಿಂತಿತು.

“ಇಲ್ಲೇ ನಿಂತರೆ ಹಿಂದಿನವನು ಬಂದು ಗುದ್ದುತ್ತಾನೆ. ಪಟ್ಟಿ ಮಾಡಿದವರು ನೀವೇ ಅಲ್ವೇನ್ರೀ? ಹತ್ತಿರದ ಜಾಗ ಯಾವುದು, ಬೇಗ ಹೇಳಿ!”

“ಸ್ವಲ್ಪ ಮುಂದೆ, ಎಡಕ್ಕೆ,” ಎಂದೆ, ಎದೆಯುಬ್ಬಿಸಿ.

ತೆವಳುತ್ತಾ ಎಡಕ್ಕೆ ತಿರುಗಿದೆವು. ಮಂಜಿನೊಳಗಿಂದ ಕೆಂಪು ಟವೆಲ್ ಬೀಸುತ್ತಾ ಒಬ್ಬ ಮನುಷ್ಯ ಓಡಿಬಂದ. “ರುಕೋ ಜೀ, ರುಕೋ! ಆಗೇ ತಾಲಾಬ್ ಹೈ!”

ಮುಂದೆ ಕೆರೆ! ಇಳಿದು ನೋಡಿದೆ. ನನ್ನ ಮೈದಾನ ಅಂತರಗಂಗೆ ಬೆಳೆದು ಮುಚ್ಚಿದ ಕೆರೆಯಾಗಿತ್ತು. ಅದರ ದಂಡೆಯಲ್ಲೊಂದು ಲಾರಿ ಮುಂಗಾಲು ಹೂತ ಎಮ್ಮೆಯ ಹಾಗೆ ಬಾಗಿ ನಿಂತಿತ್ತು. ಟವೆಲಿನವನದೇ ಲಾರಿ, ಹೆಸರು ಬಲಬೀರ್. ಬೆಳಗಿನ ಜಾವ ಫಲಕ ನಂಬಿ ಒಳಗೆ ಬಂದವನು, ತಾನು ಪಾರಾದ ಮೇಲೆ ಬೇರೆಯವರು ಬೀಳಬಾರದೆಂದು ಆ ಚಳಿಯಲ್ಲಿ ನಿಂತಿದ್ದ. ಆಗಲೇ ನಾಲ್ಕು ಗಾಡಿಗಳನ್ನು ತಡೆದಿದ್ದನಂತೆ.

“ಹಿಂದಿರುವ ಢಾಬಾದ ಅಂಗಳಕ್ಕೆ ಹೋಗಿ. ಲಾರಿಯವರೆಲ್ಲ ನಿಲ್ಲುವುದು ಅಲ್ಲೇ. ಕೇಳಿದ್ದರೆ ನಮ್ಮಲ್ಲಿ ಯಾರು ಬೇಕಾದರೂ ಹೇಳುತ್ತಿದ್ದರು,” ಎಂದು ಹಿಂದಿಯಲ್ಲಿ ಹೇಳಿ ಫಲಕದ ಕಡೆ ಉಗಿದ. “ಯಾವ ಗಧಾ ಈ ಜಾಗ ಆರಿಸಿದನೋ!”

“ಆಫೀಸು ತುಂಬ ಅಂಥವರೇ ಭಯ್ಯಾ,” ಎಂದಳು ಸುಮಿತ್ರಾ, ನನ್ನನ್ನೇ ನೋಡುತ್ತಾ. ಸುಮ್ಮನಿದ್ದರೆ ಅನುಮಾನ ಬಂದೀತೆಂದು ನಾನೂ ಆ ಕತ್ತೆಯನ್ನು ಹೀನಾಮಾನ ಬೈದೆ. ಬಲಬೀರನಿಗೆ ಸಂತೋಷವಾಗಿ ನನಗೊಂದು ಬೀಡಿ ಕೊಟ್ಟ.

ಢಾಬಾ ತಲುಪಿದೆವು. ಅಲ್ಲಿಂದಲೇ ನಾಲ್ಕಾರು ಫೋನ್ ಮಾಡಿ, ಗೋಗರೆದು, ಮಧ್ಯಾಹ್ನದೊಳಗೆ ಫಲಕ ಕೀಳಿಸಿದೆ. ಬಲಬೀರನ ಲಾರಿ ಎಳೆಯಲು ಕ್ರೇನ್ ತರಿಸಿದೆ. ಇಪ್ಪತ್ತೆಂಟು ವರ್ಷದಲ್ಲಿ ನಾನು ಒಂದೇ ದಿನದಲ್ಲಿ ಮುಗಿಸಿದ ಕೆಲಸ ಅದೊಂದೇ.

ಸೋಮವಾರ ಅಧ್ಯಕ್ಷರ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಅವರು, “ಗಂಭೀರ ಲೋಪ. ತನಿಖೆ ಆಗಲೇಬೇಕು. ಜಾಗ ನೋಡಿ ಬಂದವರು ನೀವೊಬ್ಬರೇ, ಹಾಗಾಗಿ ತನಿಖಾಧಿಕಾರಿ ನೀವೇ,” ಎಂದರು.

ತನಿಖೆ ಚುರುಕಾಗಿ ನಡೆದಿದೆ. ಈವರೆಗೆ ಎರಡು ಸಲ ನನ್ನನ್ನು ನಾನೇ ವಿಚಾರಣೆಗೆ ಕರೆದಿದ್ದೇನೆ. ಎರಡು ಸಲವೂ ನಾನು ರಜೆಯಲ್ಲಿದ್ದೆ.