ಆದಿನಾರಾಯಣನ ದೋಣಿ

ನಿಮ್ಮ ಮನೆಯಲ್ಲಿ ಅರ್ಧಕ್ಕೆ ನಿಂತ ಕೆಲಸ ಒಂದೂ ಇಲ್ಲವೆಂದು ಎದೆ ಮುಟ್ಟಿಕೊಂಡು ಹೇಳಬಲ್ಲಿರಾ? ಹೇಳಲಾರಿರಿ. ಮೂಲೆಯಲ್ಲಿ ಹೆಣಿಗೆ ಮುಗಿಯದ ಮಂಚ, ಅಟ್ಟದ ಮೇಲೆ ಒಂದು ಬದಿಗಷ್ಟೇ ಬಣ್ಣ ಕಂಡ ಕಿಟಕಿ, ಹಿತ್ತಲಲ್ಲಿ ಪಾಯ ತೆಗೆದು ಬಿಟ್ಟ ಬಚ್ಚಲು, ಯಾವುದಾದರೊಂದು ಇದ್ದೇ ಇರುತ್ತದೆ. ಕೇಳಿದವರಿಗೆ ‘ಮುಂದಿನ ವಾರ’ ಎನ್ನುತ್ತೀರಿ. ಆ ಮಾತು ಎಷ್ಟು ಅಪಾಯಕಾರಿಯೆಂಬುದನ್ನು ತಿಳಿಯಬೇಕಾದರೆ ಬಂಗಾರಪೇಟೆಯ ಅಂಚಿನ ಬೀದಿಯೊಂದರಲ್ಲಿ ವಾಸಿಸುವ ಆದಿನಾರಾಯಣನ ಒಂದು ಭಾನುವಾರವನ್ನು ನೀವು ನೋಡಬೇಕು.

ಆದಿನಾರಾಯಣ ಕೆಟ್ಟವನಲ್ಲ. ವಾರದ ಐದು ದಿನ ಬೆಳಗಿನ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿನ ಕಾರ್ಖಾನೆಗೆ ಹೋಗಿ, ಎಂಟು ಗಂಟೆ ದುಡಿದು, ಅದೇ ರೈಲಿನಲ್ಲಿ ನಿಂತುಕೊಂಡೇ ನಿದ್ದೆ ಮಾಡುತ್ತಾ ಮರಳುವ ಶ್ರಮಜೀವಿ. ಕೆಡುಕೆಲ್ಲ ಇದ್ದದ್ದು ಉಳಿದ ಎರಡು ದಿನಗಳಲ್ಲಿ. ಶನಿವಾರ ಸ್ಟೇಷನ್ ಎದುರಿನ ಬಾರು. ಭಾನುವಾರ ಗೆಳೆಯ ಮುನೇಶನ ಆರ್ಕೆಸ್ಟ್ರಾ. ಮುನೇಶ ಹಾಡುವ ಕಡೆಯಲ್ಲೆಲ್ಲ, ಉರಿಗಾಂನ ಆರತಕ್ಷತೆಯಿರಲಿ, ಹುಟ್ಟುಹಬ್ಬವಿರಲಿ, ಸ್ಪೀಕರಿನ ವೈರು ಹೊತ್ತು ನಡೆಯುವುದು ಆದಿನಾರಾಯಣನ ಪಾಲಿನ ಸೇವೆ. ಹೆಂಡತಿ ಪುಷ್ಪ ಹಿತ್ತಲ ಬಾಗಿಲು ರಿಪೇರಿ ಮಾಡಿಸಲು ಹೇಳಿದರೂ, ಸೋರುವ ಹೆಂಚು ಬದಲಿಸಲು ಹೇಳಿದರೂ, ಅಂಗಳದಲ್ಲೊಂದು ನೀರಿನ ತೊಟ್ಟಿ ಕಟ್ಟಿಸಲು ಹೇಳಿದರೂ ಅವನ ಉತ್ತರ ಒಂದೇ: ಮುಂದಿನ ವಾರ.

ಹೀಗಿರುವಾಗ ಸುಮಾರು ಮೂರು ವರ್ಷದ ಹಿಂದೆ ಊರ ಕೆರೆ ತುಂಬಿ ಕೋಡಿ ಹರಿಯಿತು. ಕೆರೆಯೆಂದರೆ ಕ್ರಿಕೆಟ್ ಆಡುವ ಬಯಲು ಎಂದು ತಿಳಿದು ಬೆಳೆದವರೆಲ್ಲ ಏರಿಯ ಮೇಲೆ ನಿಂತು ಬಾಯಿ ತೆರೆದು ನೋಡಿದರು. ಆ ಶನಿವಾರ ಬಾರಿನಲ್ಲಿ ಆದಿನಾರಾಯಣ ಎದ್ದು ನಿಂತು, ಈ ಕೆರೆಯಲ್ಲಿ ಮೊದಲು ದೋಣಿ ಬಿಡುವವನು ತಾನೇ ಎಂದು ಘೋಷಿಸಿದ. ದೋಣಿಯಲ್ಲೇ ನಿಂತು ಹಾಡುವುದಾಗಿ ಮುನೇಶ ಮಾತು ಕೊಟ್ಟ. ಬೆಳಗಾಗುವಷ್ಟರಲ್ಲಿ ಅಮಲು ಇಳಿದಿತ್ತು, ಆಸೆ ಇಳಿದಿರಲಿಲ್ಲ.

ದೋಣಿ ಕಟ್ಟುವವರು ಈ ಸೀಮೆಯಲ್ಲಿ ಎಲ್ಲಿದ್ದಾರೆ? ಹುಡುಕಿ ಹುಡುಕಿ ಸಿಕ್ಕವರು ನಂದಿದುರ್ಗ ಗಣಿಯ ಕಾರ್ಮಿಕರ ಲೈನುಮನೆಯ ಕದಿರಪ್ಪ. ಚಿನ್ನದ ಗಣಿ ಮುಚ್ಚುವವರೆಗೂ ಅಲ್ಲಿ ಮರಗೆಲಸ ಮಾಡಿಕೊಂಡಿದ್ದ, ಈಗ ಎಪ್ಪತ್ತೈದು ದಾಟಿದ ಹಿರಿಯರು. ಅಂದಿನಿಂದ ಪ್ರತಿ ಭಾನುವಾರ ಕದಿರಪ್ಪ ಬೆಳಗಿನ ರೈಲಿಗೆ ಉಳಿ ಸುತ್ತಿಗೆಗಳೊಂದಿಗೆ ಬಂದಿಳಿಯುತ್ತಿದ್ದರು. ಆದಿನಾರಾಯಣ ಅವರಿಗೆ ಕಾಫಿ ಕೊಡಿಸಿ, ಮನೆಯಂಗಳದಲ್ಲಿ ಪೇರಿಸಿದ್ದ ಹಲಗೆ ತೋರಿಸಿ, “ಮುಂದುವರಿಸಿ ಕದಿರಪ್ಪಣ್ಣ, ಈಗ್ ಬತ್ತೀನಿ” ಎಂದು ಆರ್ಕೆಸ್ಟ್ರಾಕ್ಕೆ ಹೊರಡುತ್ತಿದ್ದ. ಆ ‘ಈಗ’ ಬರುತ್ತಿದ್ದದ್ದು ಕದಿರಪ್ಪ ಸಂಜೆಯ ರೈಲು ಹತ್ತಿ ಹೋದ ಮೇಲೆ.

ಆದರೂ ಆಗಾಗ ಅವನು ಮೇಲ್ವಿಚಾರಣೆ ಮಾಡದೆ ಇರಲಿಲ್ಲ. ದೋಣಿಯನ್ನು ಸೈಜುಗಲ್ಲುಗಳ ಮೇಲೆ ಕೂರಿಸಿ ಸಿಮೆಂಟು ಮೆತ್ತಿದ್ದನ್ನು ಕಂಡು ಒಮ್ಮೆ ಕಾರಣ ಕೇಳಿದ. ಗೆದ್ದಲು ಹತ್ತದಿರಲೆಂದು ಎಂದರು. ಒಪ್ಪಿದ. ಇನ್ನೊಮ್ಮೆ ದೋಣಿಯ ಹಿಂಬದಿಯ ತಳದಲ್ಲಿ ಹಿತ್ತಾಳೆಯ ನಲ್ಲಿಯೊಂದು ಹೊಳೆಯುತ್ತಿತ್ತು. ಒಳಗೆ ಬಂದ ನೀರನ್ನು ಆಚೆ ಬಿಡುವುದಕ್ಕೆ ಎಂದರು. ಅದನ್ನೂ ಒಪ್ಪಿದ. ದೋಣಿ ಕೆರೆಯಲ್ಲಿರುವಾಗ ಆ ನಲ್ಲಿಯನ್ನು ತಿರುಗಿಸಿದರೆ ನೀರು ಯಾವ ದಿಕ್ಕಿಗೆ ಹರಿಯುತ್ತದೆಂದು ಯೋಚಿಸುವಷ್ಟು ಹೊತ್ತು ಅವನು ನಿಲ್ಲಲಿಲ್ಲ. ಆರ್ಕೆಸ್ಟ್ರಾಕ್ಕೆ ಹೊರಡುವ ಸಮಯವಾಗಿತ್ತು.

ಕೊನೆಗೆ ಪುಷ್ಪಳ ತಾಳ್ಮೆ ಮುಗಿಯಿತು. ಅವಳು ಆದಿನಾರಾಯಣನ ಅಕ್ಕನ ಮಗಳೇ ಆದ್ದರಿಂದ ಮದುವೆಯಾದ ಮೇಲೂ ‘ಮಾವ’ ಎಂದೇ ಕರೆಯುತ್ತಿದ್ದಳು. ಸಿಟ್ಟು ಬಂದಾಗ ಆ ಶಬ್ದ ಇನ್ನಷ್ಟು ಮೃದುವಾಗುತ್ತಿತ್ತು.

“ನೋಡು ಮಾವ, ಈ ಭಾನ್ವಾರ ಸಾಯಂಕಾಲ ಐದು ಗಂಟೆಯೊಳಗೆ ನಿನ್ ದೋಣಿ ಕೆರೆ ಮೇಲೆ ತೇಲಿದ್ರೆ ನಾನು ಬಾರಿನ ಸುದ್ದಿ ಎತ್ತಲ್ಲ, ಆರ್ಕೆಸ್ಟ್ರಾ ಸುದ್ದೀನೂ ಎತ್ತಲ್ಲ. ತೇಲ್ಲಿಲ್ಲಾಂದ್ರೆ ಎರಡೂ ಬಂದ್. ಶನಿವಾರ, ಭಾನ್ವಾರ ಮನೇಲಿ ಕೂತಿರ್ಬೇಕು.”

ದೋಣಿಯ ಕೆಲಸ ಮುಗಿದೇ ಇತ್ತು. ಮೂತಿಯ ಮೇಲೆ ಮುನೇಶ ಕೆಂಪಕ್ಷರದಲ್ಲಿ ‘ಜಲರಾಣಿ’ ಎಂದು ಬರೆದೂ ಆಗಿತ್ತು. ಟ್ರ್ಯಾಕ್ಟರು ತರುವುದು, ಎಳೆದೊಯ್ಯುವುದು, ಇಳಿಸುವುದು, ಇಷ್ಟೇ. ಗೆದ್ದೆನೆಂದುಕೊಂಡು ಆದಿನಾರಾಯಣ ದೇವರ ಪಟದ ಮುಂದೆ ಆಣೆ ಮಾಡಿಯೇ ಒಪ್ಪಿಕೊಂಡ. ಹೆಂಡತಿ ಇಷ್ಟು ಸುಲಭದ ಪಂಥ ಏಕೆ ಕಟ್ಟಿದಳೆಂದು ಅನುಮಾನಿಸುವುದು ಗಂಡನಾದವನ ಮೊದಲ ಕರ್ತವ್ಯ. ಅವನು ಅದರಲ್ಲೂ ತಪ್ಪಿದ.

ಭಾನುವಾರ ಬೆಳಗಾಯಿತು. ಟ್ರ್ಯಾಕ್ಟರು ತರಲು ಮುನೇಶ ಹೋದ. ಕದಿರಪ್ಪ ದೋಣಿಯ ಸಂದುಗಳಿಗೆ ಬಳಿದಿದ್ದ ಡಾಂಬರನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಆಗ ಎದುರುಮನೆಯ ಮುನಿಗಂಗಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು ನಿಂತಳು. ಬೀದಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಒಲೆ ಆರಿಸಲು ಮೊದಲು ಹೋಗುವವಳು ಆಕೆ.

“ಅಲ್ಲ ಕಣ್ಲಾ ನಾರಾಯಣ, ಸಂತೇಲಿ ಒಂದು ಕೊಡ ತಕೊಂಡ್ರೂ ನೀರು ತುಂಬಿ ನೋಡ್ತೀವಿ, ಸೋರ್ತದಾ ಇಲ್ವಾ ಅಂತ. ಇಷ್ಟು ದೊಡ್ಡದನ್ನ ಅಂಗೇ ತಕೊಂಡೋಗಿ ಕೆರೆಗೆ ಬಿಡ್ತೀಯಾ? ಪುಷ್ಪನ್ನ ಬೇರೆ ಕೂರಿಸ್ತೀಯಾ ಅದ್ರಲ್ಲಿ?”

ಸಮುದ್ರ ಕಂಡವರು ಈ ಮಾತಿಗೆ ನಕ್ಕುಬಿಡುತ್ತಿದ್ದರು. ಆದರೆ ಎಂಟು ದಿನಕ್ಕೊಮ್ಮೆ ನಲ್ಲಿ ನೀರು ಕಾಣುವ ಬೀದಿಯಲ್ಲಿ ಹುಟ್ಟಿ ಬೆಳೆದ ಆದಿನಾರಾಯಣನಿಗೆ ಇದು ವೇದವಾಕ್ಯದಂತೆ ಕೇಳಿಸಿತು. ಒಳಗಿನ ನೀರು ಹೊರಗೆ ಹೋಗದಿದ್ದರೆ ಹೊರಗಿನ ನೀರು ಒಳಗೆ ಬಾರದು, ತರ್ಕದಲ್ಲಿ ತಪ್ಪೆಲ್ಲಿದೆ? ಅಂದು ಬೀದಿಗೆ ನೀರು ಬಿಡುವ ಸರದಿಯೂ ಆಗಿತ್ತು. ನೀರುಗಂಟಿ ವಾಲ್ವು ತಿರುಗಿಸಿದೊಡನೆ ಮುನಿಗಂಗಮ್ಮನ ಮನೆಯಿಂದ ಉದ್ದನೆಯ ಪೈಪೊಂದು ಹಾವಿನಂತೆ ಹೊರಟು ದೋಣಿಯೊಳಗೆ ಹೆಡೆಯಿಟ್ಟಿತು. ಪೈಪು ಬೆಳಗಿನಿಂದಲೇ ಸುತ್ತು ಬಿಚ್ಚಿ ಸಿದ್ಧವಾಗಿದ್ದುದನ್ನು ಅವನು ಗಮನಿಸಲಿಲ್ಲ.

ಹನ್ನೊಂದೂವರೆಗೆ ‘ಜಲರಾಣಿ’ ತುಂಬಿ ತುಳುಕಿತು. ಬೀದಿಯವರೆಲ್ಲ ಬಗ್ಗಿ, ಕೆಲವರು ಮಂಡಿಯೂರಿ, ತಳವನ್ನು ಪರೀಕ್ಷಿಸಿದರು. ಒಂದು ಹನಿ ಸೋರಲಿಲ್ಲ. ಆದಿನಾರಾಯಣ ಮೊದಲ ದರ್ಜೆಯಲ್ಲಿ ಪಾಸಾದ ಮಗುವಿನ ತಂದೆಯಂತೆ ಎದೆಯುಬ್ಬಿಸಿ ನಿಂತ.

“ಸರಿ, ಈಗ ನೀರು ಚೆಲ್ಲಿಬಿಡೋಣ” ಎಂದ.

ಯಾರೋ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಒಂದು ಟ್ಯಾಂಕರಿನ ನೀರನ್ನು ಹಾಡುಹಗಲೇ ಚರಂಡಿಗೆ ಬಿಡುವ ಮಾತನ್ನು ಆ ಬೀದಿ ಹಿಂದೆಂದೂ ಕೇಳಿರಲಿಲ್ಲ. ಮತ್ತು ಇಲ್ಲಿ ಒಂದು ಮಾತು ಸ್ಪಷ್ಟಪಡಿಸುತ್ತೇನೆ: ಬೀದಿಯ ಪಕ್ಷವೇ ನ್ಯಾಯದ ಪಕ್ಷ.

“ಚೆಲ್ಲು, ಚೆಲ್ಲು” ಎಂದಳು ಮುನಿಗಂಗಮ್ಮ. “ಚೆಲ್ಲಿ ಆಮೇಲೆ ಈ ಬೀದೀಲಿ ಎಂಗೆ ತಲೆ ಎತ್ಕೊಂಡು ತಿರುಗ್ತೀಯೋ ನಾನೂ ನೋಡ್ತೀನಿ.”

ಹಾಗಾದರೆ ನೀರನ್ನು ಯಾರಿಗಾದರೂ ಕೊಟ್ಟುಬಿಡುವುದೇ ದಾರಿ. ಆದಿನಾರಾಯಣ ಎರಡು ಕೊಡ ತುಂಬಿಕೊಂಡು ಮನೆಮನೆಗೆ ಹೊರಟ. ಆ ಬೀದಿಯ ಇತಿಹಾಸದಲ್ಲಿ ನೀರು ಬೇಡುವವರು ಬಹಳ ಮಂದಿ ಬಂದಿದ್ದರು. ನೀರು ತೆಗೆದುಕೊಳ್ಳಿರೆಂದು ಬೇಡಿದವನು ಅವನೊಬ್ಬನೇ. ಆದರೆ ಅಂದು ನೀರು ಬಂದ ದಿನ. ಡ್ರಮ್ಮು ತುಂಬಿತ್ತು, ಹಂಡೆ ತುಂಬಿತ್ತು, ಬಕೆಟ್ಟು ತುಂಬಿತ್ತು. ಒಂದು ಮನೆಯಲ್ಲಿ ಪ್ರೆಷರ್ ಕುಕ್ಕರಿನಲ್ಲೂ ನೀರು ಹಿಡಿದಿಟ್ಟಿದ್ದರು. ಮೂಲೆಮನೆಯ ಆಶಾರಾಣಿ ಅವನ ಕೊಡಗಳನ್ನು ನೋಡಿ ಮರುಕದಿಂದ, “ಗುರುವಾರ ಬಾಣ್ಣ, ಅಷ್ಟೊತ್ತಿಗೆ ಕಾಲಿಯಾಗಿರ್ತದೆ” ಎಂದಳು.

ಹೋದ ಎರಡು ಕೊಡ ಎರಡೂ ಹಾಗೆಯೇ ಮರಳಿ ಬಂದವು. ಅಷ್ಟರಲ್ಲಿ ಅವು ಖಾಲಿ ಮಾಡಿದ್ದ ಜಾಗವನ್ನೂ ಪೈಪು ತುಂಬಿಸಿತ್ತು. ನೀರು ನಿಲ್ಲುವ ತನಕ ಪೈಪು ತೆಗೆಯಬಾರದೆಂಬುದು ಮುನಿಗಂಗಮ್ಮನ ನಿಯಮ.

ಮಧ್ಯಾಹ್ನ ಎರಡಾಯಿತು, ಮೂರಾಯಿತು. ಮುನೇಶ ಬರಲಿಲ್ಲ. ಫೋನು ಮಾಡಿದರೆ ಹಿನ್ನೆಲೆಯಲ್ಲಿ ಗ್ಲಾಸುಗಳ ಸದ್ದು ಕೇಳಿಸಿತು. ಟ್ರ್ಯಾಕ್ಟರಿನವನಿಗೆ ಬಾಯಾರಿತ್ತಂತೆ, ಸ್ನೇಹಧರ್ಮ ಪಾಲಿಸಲು ಜೊತೆಗೆ ಕೂತಿದ್ದನಂತೆ. ಎರಡು ವರ್ಷ ತಾನೇ ಪಾಲಿಸಿದ ಧರ್ಮ ಅದು. ಆದಿನಾರಾಯಣ ಫೋನು ಜೇಬಿಗಿಳಿಸಿ ಹಗ್ಗ ಹುಡುಕಲು ಹೋದ.

ನಾಲ್ಕೂವರೆಗೆ ಟ್ರ್ಯಾಕ್ಟರು ಬಂತು. ಹಿಂದಿನ ಟ್ರೇಲರಿನಲ್ಲಿ ಕೀಬೋರ್ಡು, ತಮಟೆ, ಎರಡು ಸ್ಪೀಕರು, ಮದುವೆಯ ಕೋಟು ತೊಟ್ಟ ಆರು ಮಂದಿ. ವಿವರಿಸುತ್ತ ಕೂರಲು ಸಮಯವಿರಲಿಲ್ಲ. ಆದಿನಾರಾಯಣ ದೋಣಿಯ ಮೂತಿಗೆ ಹಗ್ಗ ಬಿಗಿದು ‘ಎಳಿ’ ಎಂದ. ಟ್ರ್ಯಾಕ್ಟರು ಗುಡುಗಿತು. ಅದರ ಮುಂದಿನ ಎರಡು ಚಕ್ರ ನಮಸ್ಕಾರ ಮಾಡುವಂತೆ ನೆಲ ಬಿಟ್ಟು ಮೇಲೆದ್ದವು. ‘ಜಲರಾಣಿ’ ಕೂದಲೆಳೆಯಷ್ಟೂ ಅಲುಗಲಿಲ್ಲ. ಹಗ್ಗ ಮಾತ್ರ ಪಟ್ಟನೆ ಹರಿದು, ಟ್ರ್ಯಾಕ್ಟರು ಮುಂದಕ್ಕೆ ಜಿಗಿದು, ತಮಟೆಯವನು ಕೀಬೋರ್ಡಿನ ಮೇಲೆ ಕುಳಿತ. ಅದರಿಂದ ಹೊರಟ ಸ್ವರಕ್ಕೆ ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಉತ್ತರ ಕೊಟ್ಟವು.

ಐದಕ್ಕೆ ಹತ್ತು ನಿಮಿಷ. ಆದಿನಾರಾಯಣನ ಕಣ್ಣ ಮುಂದೆ ಮುಂದಿನ ಶನಿವಾರಗಳೆಲ್ಲ ಒಂದೊಂದಾಗಿ ಬಾಗಿಲು ಹಾಕಿಕೊಂಡವು. ನಾಚಿಕೆ ಬಿಟ್ಟ. ಬೀದಿ ಏನಾದರೂ ಅನ್ನಲಿ, ತಲೆ ತಗ್ಗಿಸಿಕೊಂಡೇ ತಿರುಗುತ್ತೇನೆ ಎಂದುಕೊಂಡು ದೋಣಿಯ ಹಿಂಬದಿಗೆ ಓಡಿ ಆ ಹಿತ್ತಾಳೆಯ ನಲ್ಲಿಗೆ ಕೈ ಹಾಕಿದ.

ಅವನಿಗಿಂತ ಮೊದಲೇ ಪುಷ್ಪ ಅಲ್ಲಿಗೆ ಬಂದಿದ್ದಳು. ಕಂಕುಳಲ್ಲಿದ್ದ ಕೊಡವನ್ನು ಇಳಿಸಿ, ನಲ್ಲಿಯ ಕೆಳಗೆ ಜಾರಿಸಿದಳು.

ಕೊಡ ಅಲ್ಲಿ ಕೂತಿತು. ಕೊಡದ ಬಾಯಿಗೂ ನಲ್ಲಿಯ ತುದಿಗೂ ನಡುವೆ ಸರಿಯಾಗಿ ಎರಡು ಬೆರಳು. ಹೆಚ್ಚಿಲ್ಲ, ಕಡಿಮೆಯಿಲ್ಲ.

ಆದಿನಾರಾಯಣ ಕೊಡವನ್ನು ನೋಡಿದ. ನಲ್ಲಿಯನ್ನು ನೋಡಿದ. ದೋಣಿಯನ್ನು ಅಷ್ಟು ಎತ್ತರಕ್ಕೆ ಏರಿಸಿ, ಸಿಮೆಂಟಿನಿಂದ ಭದ್ರವಾಗಿ ಹಿಡಿದಿದ್ದ ಸೈಜುಗಲ್ಲುಗಳನ್ನು ನೋಡಿದ. ಗೆದ್ದಲಿಗೆ ಅಷ್ಟು ಎತ್ತರ ಬೇಕಾಗಿರಲಿಲ್ಲ. ಕೊನೆಗೆ ಕದಿರಪ್ಪನವರನ್ನು ನೋಡಿದ.

ಕದಿರಪ್ಪ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡರು.

“ನಾನು ದೋಣೀನ ಕಣ್ಣಲ್ಲಿ ಕಂಡೋನಲ್ಲ ತಮ್ಮಾ. ಗಣೀಲಿ ಇಪ್ಪತ್ತೈದು ವರ್ಷ ನೀರಿನ ತೊಟ್ಟಿ ಮಾಡ್ದೋನು. ಮೂತಿ ಆದ್ಮೇಲೆ ಮುಂದೆ ಏನು ಮಾಡೋದು ಅಂತ ಕೇಳಾಣ ಅಂದ್ರೆ ನೀನಿಲ್ಲ. ಒಂದು ಭಾನ್ವಾರ ಇಲ್ಲ, ಇನ್ನೊಂದು ಭಾನ್ವಾರಾನೂ ಇಲ್ಲ. ಮನೇಲಿ ಇದ್ದೋರು ಪುಷ್ಪಮ್ಮ. ಅವರನ್ನ ಕೇಳ್ದೆ. ಅವರು ಏಳಿದಂಗೆ ಮಾಡ್ದೆ.”

ಪುಷ್ಪ ನಲ್ಲಿ ತಿರುಗಿಸಿದಳು. ನೀರು ಕೊಡಕ್ಕೆ ಬಿದ್ದ ಸದ್ದು ಬೀದಿಗೆಲ್ಲ ಕೇಳಿಸಿತು.

“ಎರಡು ವರ್ಷದಿಂದ ಒಂದು ತೊಟ್ಟಿ ಕೇಳ್ತಿದ್ದೆ ಮಾವ” ಎಂದಳು ಬಹಳ ಮೃದುವಾಗಿ. “ನೀನೇ ಕೊಡಿಸ್ದೆ. ನಿಂಗೆ ಗೊತ್ತಿರ್ಲಿಲ್ಲ ಅಷ್ಟೆ.”

ಸ್ಟೇಷನ್ನಿನ ಕಡೆಯಿಂದ ಐದು ಗಂಟೆಯ ರೈಲು ಕೂಗಿತು.

ವಾದ್ಯದವರು ಬಂದದ್ದು ವ್ಯರ್ಥವಾಗಬಾರದೆಂದು ಮುನೇಶ ಅಲ್ಲೇ ಸ್ಪೀಕರು ಇಳಿಸಿ, ಬೀದಿಗೆ ತೊಟ್ಟಿ ಕಟ್ಟಿಸಿದ ಮಹಾದಾನಿ ಎಂದು ಆದಿನಾರಾಯಣನ ಹೆಸರನ್ನು ಮೂರು ಬಾರಿ ಘೋಷಿಸಿದ. ಮುನಿಗಂಗಮ್ಮ ಶಾಲು ಹೊದಿಸಿದಳು. ಮದುವೆ ಮನೆಯಲ್ಲಿ ಉಳಿದಿದ್ದ ಹಾರವೊಂದು ಕೀಬೋರ್ಡಿನ ಪೆಟ್ಟಿಗೆಯಿಂದ ಹೊರಬಂತು. ಅಷ್ಟು ಜನರ ಮುಂದೆ ದಾನಿಯಾದವನು ಅದು ತನ್ನ ದೋಣಿಯೆಂದು ಹೇಗೆ ತಾನೇ ಹೇಳಿಯಾನು? ಹಲ್ಲು ಕಿರಿದು ಕೈ ಮುಗಿದ.

ಇದಾಗಿ ಎಂಟು ತಿಂಗಳಾಯಿತು. ಪಂಥದಂತೆ ಬಾರು ಬಂದ್, ಆರ್ಕೆಸ್ಟ್ರಾ ಬಂದ್. ದೋಣಿ ನಡೆಸಲೆಂದು ಮಾಡಿಸಿದ್ದ ಎರಡು ಹುಟ್ಟುಗಳಲ್ಲಿ ಒಂದು ಬಟ್ಟೆ ಒಣಹಾಕುವ ಗಳುವಾಗಿದೆ. ಇನ್ನೊಂದರ ಮೇಲೆ ಗೆರೆ ಎಳೆದು ತೊಟ್ಟಿಯ ನೀರು ಅಳೆಯುತ್ತಾರೆ. ಅಷ್ಟಕ್ಕೇ ಮುಗಿದಿದ್ದರೆ ಆದಿನಾರಾಯಣ ಶನಿವಾರ, ಭಾನುವಾರ ಮನೆಯಲ್ಲಿ ನಿದ್ದೆಯಾದರೂ ಮಾಡಬಹುದಿತ್ತು. ಆದರೆ ಪಕ್ಕದ ಬೀದಿಯವರು ಬಂದು ನೋಡಿ ಹೋದರು. ತಮಗೂ ಅಂಥದೇ ಬೇಕು, ಮೂತಿಯೂ ಹಾಗೆಯೇ ಇರಬೇಕು, ನೋಡಲು ಲಕ್ಷಣವಾಗಿರುತ್ತದೆ ಎಂದರು. ದಾನಿಯಾದವನು ಇಲ್ಲವೆನ್ನಬಾರದಷ್ಟೆ. ಈಗ ಪ್ರತಿ ವಾರಾಂತ್ಯವೂ ಅವನು ಕದಿರಪ್ಪನವರೊಡನೆ ಹಲಗೆ ಹಿಡಿದು ಸುತ್ತಿಗೆ ಬಡಿಯುತ್ತಾನೆ. ಮೂರನೆಯ ದೋಣಿ ಮುಗಿಯುತ್ತಾ ಬಂದಿದೆ. ಕೋಲಾರದ ಸೀಮೆಗೆ ಅವನಷ್ಟು ದೋಣಿ ಕಟ್ಟಿದವರು ಬೇರೊಬ್ಬರಿಲ್ಲ. ಅವುಗಳಲ್ಲಿ ಒಂದೂ ಕೆರೆಯ ಮುಖ ಕಂಡಿಲ್ಲ. ಕೆರೆ ಈಗಲೂ ತುಂಬಿದೆ. ಬಾತುಕೋಳಿಗಳು ಯಾರ ಅಡ್ಡಿಯೂ ಇಲ್ಲದೆ ತೇಲುತ್ತಿವೆ.

ಆದ್ದರಿಂದ ಓದುಗರಲ್ಲಿ ನನ್ನದೊಂದೇ ವಿನಂತಿ. ಈ ಪುಟವನ್ನು ಮಡಚಿಟ್ಟು ಈಗಲೇ ಎದ್ದು ಹಿತ್ತಲಿಗೆ ಹೋಗಿ. ನೀವು ಅರ್ಧಕ್ಕೆ ಬಿಟ್ಟಿರುವ ಆ ಕೆಲಸದ ಸುತ್ತ ಒಂದು ಸುತ್ತು ಬಂದು, ಅದಕ್ಕೆ ಯಾರಾದರೂ ನಲ್ಲಿ ಕೂರಿಸಿದ್ದಾರೆಯೋ ಎಂದು ಬಗ್ಗಿ ನೋಡಿ.