ಫಾಲ್ಮೆದನ ಜಿಪ್ಪಿನ ಚೀಲ

ಚೀಲಕ್ಕೆ ಬಾಯಿ ಇತ್ತು, ಬಾಯಿಗೆ ಜಿಪ್ಪು ಇತ್ತು. ತಾಪತ್ರಯಕ್ಕೆ ಅಷ್ಟು ಸಾಕಾಯಿತು.

ಗುವಾಮಿನಲ್ಲಿರುವ ತಮ್ಮ ಅದನ್ನು ಡಬ್ಬಿ ಮಾಂಸದ ಪೆಟ್ಟಿಗೆಯೊಳಗೆ ಹುದುಗಿಸಿ ವಿಮಾನಕ್ಕೆ ಹಾಕಿ ಕಳಿಸಿದ್ದ. ಮಡಿಸಿಟ್ಟ ಅಂಗಿಯಷ್ಟು ಗಾತ್ರ, ದಪ್ಪನೆಯ ಕಪ್ಪು ಬಟ್ಟೆ, ಎದೆಗೆ ಅಡ್ಡಲಾಗಿ ಹಾಕಿಕೊಳ್ಳುವ ಪಟ್ಟಿ. ಫಾಲ್ಮೆದ್ ಬೆಳಗಿನ ಪ್ರಾರ್ಥನೆ ಮುಗಿಸಿ ಜಗಲಿಯ ಮೇಲೆ ಕೂತು, ದೋಣಿ ಕೊಳ್ಳುವವನು ತಳ ತಟ್ಟಿ ನೋಡುವ ಹಾಗೆ ಅದನ್ನು ಪರೀಕ್ಷಿಸಿದ. ಹೊಲಿಗೆ ಎಳೆದ, ಬಿಡಲಿಲ್ಲ. ನೀರು ಚಿಮುಕಿಸಿದ, ಒಳಗಿಳಿಯಲಿಲ್ಲ. ಮುಂದಿನ ಜೇಬಿನಲ್ಲಿ ಫೋನು, ಪಕ್ಕದ ಸಂದಿಯಲ್ಲಿ ಸುಣ್ಣದ ಬಾಟಲಿ, ಹಿಂದಿನ ಪದರದಲ್ಲಿ ಒದ್ದೆ ಬಟ್ಟೆ ಸುತ್ತಿದ ವೀಳ್ಯದೆಲೆ, ನಡುವಿನ ಹೊಟ್ಟೆಯಲ್ಲಿ ಆಗಷ್ಟೇ ಮರದಿಂದ ಇಳಿಸಿದ ಹಸಿರು ಅಡಿಕೆ. ಎಲ್ಲ ಹಿಡಿಸಿತು. ಜಿಪ್ಪು ಎಳೆದ. ಒಳಗೇನಿದೆಯೆಂಬುದು ಇನ್ನು ದೇವರಿಗೆ ಗೊತ್ತು, ಫಾಲ್ಮೆದನಿಗೆ ಗೊತ್ತು.

ಅವನಿಗೆ ಬೇಕಾಗಿದ್ದುದೂ ಅದೇ.

ನಮ್ಮ ಯಾಪ್ ದ್ವೀಪದಲ್ಲಿ ಗಂಡಸು ಮನೆ ಬಿಟ್ಟ ಮೇಲೆ ಕಂಕುಳಲ್ಲಿ ತೆಂಗಿನ ಗರಿಯ ಬುಟ್ಟಿ ಇರಬೇಕು. ಇಲ್ಲದೆ ಹೊರಟವನು ಚಡ್ಡಿ ಮರೆತು ಹೊರಟವನ ಹಾಗೆ. ಬುಟ್ಟಿಗೆ ಮುಚ್ಚಳವಿಲ್ಲ. ಒಳಗಿನ ಅಡಿಕೆ ಊರಿಗೆಲ್ಲ ಕಾಣುತ್ತದೆ. ಇನ್ನೊಬ್ಬರ ಬುಟ್ಟಿಗೆ ಕೈ ಹಾಕುವ ರೂಢಿ ಇಲ್ಲ, ಕೇಳುವ ರೂಢಿ ಇದೆ. ಕೇಳಿದವರಿಗೆ ಇಲ್ಲವೆನ್ನುವ ರೂಢಿ ಇಲ್ಲ. ಫಾಲ್ಮೆದನ ಹಿತ್ತಲ ಮರದ ಕಾಯಿಯಾದರೋ ಎಳೆಯದು, ಹದವಾದದ್ದು, ತಲೆ ತಿರುಗಿಸದೆ ಮೈ ಬೆಚ್ಚಗೆ ಮಾಡುವಂಥದ್ದು. ಹಾಗಾಗಿ ಕೇಳುವವರೆಲ್ಲ ಅವನನ್ನೇ ಕೇಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅವನ ಬುಟ್ಟಿ ಪೂಜೆ ಮುಗಿದ ಮೇಲಿನ ಚರ್ಚಿನ ಹಾಗೆ ಖಾಲಿ.

ಅವನ ಮದುವೆ ನಿಂತಿದ್ದೂ ಈ ಖಾಲಿ ಬುಟ್ಟಿಯಿಂದಲೇ. ತೊಮಿಲ್ ಕಡೆಯ ಲಿಗೋರಳಿಗೆ ಅವನ ಮೇಲೆ ಮನಸ್ಸಿತ್ತು. ಅವಳಪ್ಪ ಬುಚುನನ ಮಾತು ಆಗಬೇಕಿತ್ತು. ಫಾಲ್ಮೆದ್ ಎರಡು ಸಲ ಹೋಗಿ ಆ ಮುದುಕನ ಮುಂದೆ ಕೂತಿದ್ದ. ಎರಡು ಸಲವೂ ದಾರಿಯಲ್ಲಿ ಸಿಕ್ಕವರೆಲ್ಲ ಕೇಳಿ, ಹಿರಿಯನ ಮುಂದಿಡಲು ಉಳಿದದ್ದು ಬರೀ ಸುಣ್ಣ. ಎರಡನೆಯ ಸಲ ಬುಚುನ್ ಅವನನ್ನು ಬಾಗಿಲತನಕ ಕಳಿಸಿ ಹೇಳಿದ್ದ: "ನೋಡಯ್ಯ, ಇನ್ನೊಂದ್ಸಲ ಬರೋದಾದ್ರೆ ತುಂಬಿಸ್ಕೊಂಡು ಬಾ. ಖಾಲಿ ತಂದ್ಯೋ, ಮಗಳ ಮಾತು ಅಲ್ಲಿಗೇ ಮುಗೀತು."

ಆ ಇನ್ನೊಂದು ಸಲ ಇವತ್ತು ಸಂಜೆ.

ಬುಟ್ಟಿಯನ್ನು ಮೊಳೆಗೆ ತೂಗುಹಾಕಿ, ಚೀಲವನ್ನು ಎದೆಗೆ ಅಡ್ಡ ಹಾಕಿಕೊಂಡು ರಸ್ತೆಗೆ ಬಂದನೋ ಇಲ್ಲವೋ, ನೆರೆಮನೆಯ ತಮಗ್ ತನ್ನ ಪಿಕಪ್ ನಿಲ್ಲಿಸಿದ. ಕೊಲೊನಿಯಾ ಪೇಟೆಗೆ ದಿನವೂ ಇಬ್ಬರೂ ಒಟ್ಟಿಗೇ ಹೋಗುವುದು. ಫಾಲ್ಮೆದ್ ಹತ್ತಿ ಕೂತ, ಪಿಕಪ್ ಹೊರಟಿತು.

"ಇದೇನೋ ಇದು? ಸೂಜಿ ಚುಚ್ಚೋ ನರ್ಸಮ್ಮನ ಥರ!"

"ತಮ್ಮ ಕಳ್ಸಿದ. ಒಂದು ದಿನ ಹಾಕ್ಕೊಂಡು ನೋಡೋಣ ಅಂತ."

"ಬುಟ್ಟಿ ಎಲ್ಲಿ?"

"ಮನೇಲಿ."

"ಸರಿ ಬಿಡು. ಒಂದು ಅಡಿಕೆ ಕೊಡು."

ಫಾಲ್ಮೆದನ ಕೈ ಅಭ್ಯಾಸಬಲದಿಂದ ಜಿಪ್ಪಿನವರೆಗೆ ಹೋಯಿತು. ಅಲ್ಲಿಗೆ ಹೋಗಿ, ಸಂಜೆಯನ್ನು ನೆನೆದು ನಿಂತಿತು. "ಇಲ್ಲ" ಅಂದ.

ತಮಗ್ ಬ್ರೇಕು ಹಾಕಿದ. ಹಿಂದೆ ಕೂತಿದ್ದ ಕೋಳಿಗಳೆಲ್ಲ ಮುಂದಕ್ಕೆ ಬಂದವು.

"ಇಲ್ವಾ? ನಿನ್ಹತ್ರ ಇಲ್ವಾ? ಮರಕ್ಕೇನಾಯ್ತು?"

ಸುಳ್ಳು ಹೇಳಿ ಅಭ್ಯಾಸವಿಲ್ಲದವನ ಕಷ್ಟವೇ ಇದು: ಮೊದಲನೆಯದಕ್ಕೆ ಎರಡನೆಯದನ್ನು ಊರುಗೋಲಾಗಿ ಕೊಡಬೇಕೆಂದು ಅವನಿಗೆ ಮುಂಚೆ ತಿಳಿದಿರುವುದಿಲ್ಲ. ಫಾಲ್ಮೆದ್ ಕಿಟಕಿಯಾಚೆ ನೋಡುತ್ತ, "ಮರ... ಅಷ್ಟು ಚೆನ್ನಾಗಿಲ್ಲ" ಅಂದ.

"ಹುಳಾನಾ?"

"ಇರ್ಬಹುದು."

ತಮಗ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ತನ್ನ ಬುಟ್ಟಿಯಿಂದ ಒಂದು ಹಿಡಿ ಅಡಿಕೆ ತೆಗೆದು ಫಾಲ್ಮೆದನ ಮಡಿಲಿಗೆ ಹಾಕಿ, "ಎಷ್ಟು ವರ್ಷ ನಿನ್ ಮರದ್ದು ತಿಂದಿದೀನಿ. ತಗೋ. ಮಾತಾಡ್ಬೇಡ" ಅಂದ. ಊರು ತಲುಪುವತನಕ ಕೋಳಿಗಳು ಕೂಡ ಸುಮ್ಮನಿದ್ದ ಹಾಗಿತ್ತು.

ಫಾಲ್ಮೆದನಿಗೆ ಕೆಲಸ ಬಂದರಿನ ಬಳಿಯ ಅಂಗಡಿಯಲ್ಲಿ. ಅಕ್ಕಿ, ಸೀಮೆಎಣ್ಣೆ, ಮೀನಿನ ಗಾಳ, ಶಾಲೆಯ ಚಪ್ಪಲಿ, ಎಲ್ಲ ಅವನ ಸುಪರ್ದಿ. ಹಣದ ಪೆಟ್ಟಿಗೆಯ ಹಿಂದೆ ಕೂರುವವಳು ಸೆಲೆಸ್ಟೀನ. ಒಳ್ಳೆಯ ಹೆಂಗಸು. ಅವಳ ಕಿವಿಗೆ ಬಿದ್ದದ್ದು ಮಾತ್ರ ಊಟದ ಹೊತ್ತಿಗೆ ದ್ವೀಪದ ಆಚೆ ತುದಿ ಮುಟ್ಟುತ್ತದೆ.

ಚೀಲ ಹಗುರವಾಗಿತ್ತು, ಭುಜ ನೋಯಿಸಲಿಲ್ಲ, ಮೂಟೆ ಎತ್ತುವಾಗ ಅಡ್ಡ ಬರಲಿಲ್ಲ. ಅದರಲ್ಲಿ ಹೆಸರಿಡಲು ಏನೂ ಇರಲಿಲ್ಲ. ಕಷ್ಟ ಬೇರೆ ಥರದ್ದು. ಅಡಿಕೆ ಇಲ್ಲವೆಂದವನು ಎಲ್ಲರೆದುರು ಜಗಿಯುವುದು ಹೇಗೆ? ತಮಗ್ ಕೊಟ್ಟದ್ದೂ ಚೀಲ ಸೇರಿತ್ತು; ಅದನ್ನು ತೆಗೆಯಲು ಜಿಪ್ಪು ಎಳೆದರೆ ಉಳಿದದ್ದೆಲ್ಲ ಕಾಣುತ್ತದೆ. ಬಿಸಿಲು ಏರುತ್ತ ಬಂದ ಹಾಗೆ ಫಾಲ್ಮೆದನ ನಾಲಗೆ ಮರಳಲ್ಲಿ ಬಿದ್ದ ಮೀನಿನಂತೆ ಹೊರಳತೊಡಗಿತು. ತಡೆಯಲಾರದೆ ಉಗ್ರಾಣಕ್ಕೆ ಹೋದ. ಅಕ್ಕಿ ಮೂಟೆಗಳ ಹಿಂದೆ ಬಗ್ಗಿ ಕೂತು ಎಲೆ ಹರಡಿ ಸುಣ್ಣ ಉದುರಿಸಿದ. ಅಡಿಕೆಗೆಂದು ನಡುವಿನ ಜಿಪ್ಪು ಎಳೆದ. ಗೋಡೆಯಿಂದ ಗೋಡೆಗೆ ಸದ್ದು ಹೋಯಿತು.

"ಮೂಟೆ ಹರೀತಾ?" ಎನ್ನುತ್ತ ಸೆಲೆಸ್ಟೀನ ಒಳಗೆ ಬಂದಳು.

ಫಾಲ್ಮೆದ್ ಜಿಪ್ಪು ಮುಚ್ಚಿದ. ಕೈಯಲ್ಲಿ ಎಲೆ ಉಳಿಯಿತು, ಎಲೆಯ ಮೇಲೆ ಸುಣ್ಣ ಉಳಿಯಿತು.

ಸೆಲೆಸ್ಟೀನ ನೋಡಿದಳು. ಅವಳ ಮುಖ ಇಳಿಯಿತು. "ಅಯ್ಯೋ ನನ್ನಪ್ಪಾ! ಬರೀ ಎಲೆ ಸುಣ್ಣ ತಿಂತಿದೀಯಾ? ಕತ್ತಲೇಲಿ ಕೂತ್ಕೊಂಡು?"

"ಹಾಗಲ್ಲ ಅಕ್ಕಾ..."

"ಹೇಗಲ್ಲ? ತಮಗ್ ಎಲ್ಲಾ ಹೇಳ್ದ. ಮರಕ್ಕೆ ರೋಗ ಅಂತೆ. ನಮ್ಮ ಹತ್ರ ಹೇಳ್ಕೋಬಾರ್ದಾ? ನಾವೇನು ಪರದೇಶದವ್ರಾ?" ಸೆರಗಿಲ್ಲದ ಹೆಂಗಸು ಕಣ್ಣೊರೆಸಲು ಅಂಗಡಿಯ ಟವೆಲನ್ನೇ ತೆಗೆದುಕೊಂಡಳು. ಆಮೇಲೆ ತನ್ನ ಪಾಲಿನ ಅಡಿಕೆಯನ್ನೆಲ್ಲ ಅವನ ಕೈಗೆ ತುರುಕಿದಳು.

ಇನ್ನು ತಡೆಯುವವರಾರು? ಚೆನ್ನಾಗಿಲ್ಲದ ಮರ ಹತ್ತು ಗಂಟೆಗೆಲ್ಲ ಕಾಯಿಲೆ ಮಲಗಿತು, ಹನ್ನೊಂದಕ್ಕೆ ಮೇಲುಸಿರು ಬಿಟ್ಟಿತು, ಊಟದ ಹೊತ್ತಿಗೆ ಸತ್ತಿತು. ಬೆಂಕಿಪೊಟ್ಟಣ ಕೊಳ್ಳಲು ಬಂದವರು ಪೊಟ್ಟಣ ತೆಗೆದುಕೊಂಡು ಅಡಿಕೆ ಇಟ್ಟು ಹೋದರು. ಏನೂ ಕೊಳ್ಳದವರೂ ಬಂದರು. ಎಂದೋ ಅವನ ಬುಟ್ಟಿಯಿಂದ ಒಂದು ಕಾಯಿ ಪಡೆದಿದ್ದ ಮೀನುಗಾರ ಒಂದು ಗೊನೆಯನ್ನೇ ಹೊತ್ತು ತಂದ. "ಬೇಡ" ಎಂದರೆ, "ಮಾನಕ್ಕೆ ಅಂಜ್ತಾನೆ ಪಾಪ" ಎನ್ನುತ್ತ ಇನ್ನೊಂದಿಷ್ಟು ಇಡುತ್ತಿದ್ದರು. ಯಾರೂ ಇಲ್ಲದಾಗ ಹಿಡಿಸಿದಷ್ಟು ಚೀಲಕ್ಕೆ ತುಂಬಿದ. ಪುಟ್ಟ ಚೀಲ ಮುಳ್ಳುಮೀನು ಸಿಟ್ಟಿಗೆದ್ದಂತೆ ಉಬ್ಬಿತು.

ಮಧ್ಯಾಹ್ನ ಕಳೆದು, ಚರ್ಚಿನಲ್ಲಿ ಪಾದ್ರಿಗೆ ನೆರವಾಗುವ ಡೀಕನ್ ಸಬೀನೊ ಬಂದರು. ದೇವರ ಕೆಲಸದಲ್ಲಿ ತಲೆ ನರೆತವರು, ಮೃದು ಮಾತಿನವರು.

"ಫಾಲ್ಮೆದ್, ಕೇಳ್ದೆ. ನಮ್ಮ ದೇವರಿಗೆ ಮರಗಿಡ ಅಂದ್ರೆ ಸಣ್ಣದಲ್ಲಪ್ಪ. ಬಾ, ಪ್ರಾರ್ಥನೆ ಮಾಡೋಣ."

"ಫಾದರ್, ಅಷ್ಟೆಲ್ಲಾ ಯಾಕೆ..."

"ಫಾದರ್ ಅಲ್ಲ, ಡೀಕನ್. ತಲೆ ಬಗ್ಗಿಸು."

ಅಂಗಡಿಯಲ್ಲಿದ್ದವರೆಲ್ಲ ತಲೆ ಬಗ್ಗಿಸಿದರು. ಡೀಕನ್ನರು ಆ ಮರದ ಬೇರನ್ನೂ ಕಾಂಡವನ್ನೂ ಗೊನೆಯನ್ನೂ ಒಂದೊಂದಾಗಿ ಹೆಸರಿಸಿ, ಅದು ಮತ್ತೆ ಚಿಗುರಲೆಂದು ಬೇಡಿಕೊಂಡರು. ಹಿತ್ತಲಿನಲ್ಲಿ ಮರ ಹಸಿರಾಗಿ ನಿಂತಿರುವುದು ದೇವರಿಗೆ ಗೊತ್ತಿತ್ತು, ಡೀಕನ್ನರಿಗೆ ಗೊತ್ತಿರಲಿಲ್ಲ. ಇಬ್ಬರ ನಡುವೆ ಸಿಕ್ಕಿಕೊಂಡು ನಿಂತಿದ್ದವನು ಫಾಲ್ಮೆದ್. ಆಮೆನ್ ಎನ್ನುವಾಗ ಅವನ ದನಿ ನಡುಗಿತು. ಎಷ್ಟು ನಂಬಿಕೆ ಎಂದು ಸೆಲೆಸ್ಟೀನ ಮತ್ತೆ ಟವೆಲಿಗೆ ಕೈ ಹಾಕಿದಳು.

ಸಂಜೆಯ ಹೊತ್ತಿಗೆ ಅವನು ತೊಮಿಲಿನ ಕಲ್ಲುಹಾದಿ ಹಿಡಿದ. ಪರವೂರಿಗೆ ಹೋಗುವವನು ಹಿಡಿಯುವ ಹಸಿರೆಲೆ ಒಂದು ಕೈಯಲ್ಲಿ. ಇನ್ನೊಂದು ಕೈ ಜಿಪ್ಪು ಬಾಯಿ ಬಿಡದಂತೆ ಚೀಲವನ್ನು ಅವುಚಿತ್ತು. ಮನಸ್ಸಿಗೆ ಕಸಿವಿಸಿ ಇತ್ತು, ನಿಜ. ನಾಳೆ ಡೀಕನ್ನರ ಹತ್ತಿರ ಹೋಗಿ ಎಲ್ಲ ಹೇಳಿಬಿಡುತ್ತೇನೆ ಅಂದುಕೊಂಡ. ಆದರೆ ಇವತ್ತು ಚೀಲ ತುಂಬಿದೆ. ಮುದುಕ ಕೇಳಿದ್ದು ತುಂಬಿದ್ದನ್ನೇ ಅಲ್ಲವೆ?

ಬುಚುನ್ ಮನೆಯ ಮುಂದಿನ ಕಲ್ಲುಕಟ್ಟೆಗೆ ಬೆನ್ನು ಕೊಟ್ಟು ಕೂತಿದ್ದ. ಒಣಗಿದ ಮೈ, ಚುರುಕು ಕಣ್ಣು. ಒಳಗೆ ಅಡುಗೆ ಗುಡಿಸಲಿನಲ್ಲಿ ಲಿಗೋರ್ ಕೆಸುವಿನ ಗೆಡ್ಡೆ ಬೇಯಿಸುತ್ತಿದ್ದಳು. ಹೊಗೆಯ ನಡುವೆ ಅವಳ ಕೈ ಕಾಣುತ್ತಿತ್ತು.

"ಬಾಪ್ಪಾ. ಕೂತ್ಕೋ. ಖಾಲಿ ಬಂದ್ಯಾ?"

"ಇಲ್ಲ, ತುಂಬಿಸ್ಕೊಂಡು ಬಂದಿದೀನಿ."

"ತೆಗಿ ನೋಡೋಣ."

ಜಿಪ್ಪು ಎಳೆಯುವುದೇ ತಡ, ಅಡಿಕೆ ಕಟ್ಟೆಯ ಮೇಲೆಲ್ಲ ಉರುಳಿತು. ಬುಚುನ್ ಒಂದೊಂದನ್ನೇ ಎತ್ತಿ, ಮೂಸಿ, ಬೆರಳಿನಿಂದ ಒತ್ತಿ ನೋಡಿದ.

"ಇದು ತಮಗ್‌ನದು, ಮೂತಿ ಉದ್ದ. ಇದು ಚರ್ಚಿನ ಹಿಂದಿನ ಮರದ್ದು. ಇದು ಬಂದರಿನ ಕಡೇದು, ಉಪ್ಪುಗಾಳಿ ಕುಡಿದಿದೆ." ಒಂದನ್ನು ಉಗುರಿನಿಂದ ಗೀರಿದ: ಎಳೆಯದು, ಹದವಾದದ್ದು, ಇವತ್ತೇ ಮರದಿಂದ ಇಳಿದದ್ದು. "ಇದು ನಿನ್ನದು."

"ಹೌದು."

"ನಿನ್ ಮರ ಸತ್ತಿದೆ ಅಂತ ಮಧ್ಯಾಹ್ನವೇ ಸುದ್ದಿ ಬಂತು. ಸತ್ತ ಮರ ಬೆಳಿಗ್ಗೆ ಕಾಯಿ ಕೊಡ್ತಾ?"

ಫಾಲ್ಮೆದ್ ಕಟ್ಟೆಯ ಕಲ್ಲನ್ನು ನೋಡಿದ. ಮರ ಸತ್ತಿದೆಯೆಂದರೆ ಊರವರ ಕೈಯಿಂದ ಬೇಡಿ ತಂದವನಾಗುತ್ತಾನೆ. ಬೇಡುವವನಿಗೆ ಮಗಳನ್ನು ಯಾರು ಕೊಡುತ್ತಾರೆ? ಬದುಕಿದೆಯೆಂದರೆ ಸುಳ್ಳುಗಾರ. ಎರಡೂ ಕಡೆ ಹಳ್ಳ. ಹಗಲೆಲ್ಲ ಸುಳ್ಳು ಹೊತ್ತು ಅವನ ಕುತ್ತಿಗೆ ಸೋತಿತ್ತು. ಇಳಿಸಿಬಿಟ್ಟ. ಜಿಪ್ಪಿನಿಂದ ಹಿಡಿದು ಆಮೆನ್‌ವರೆಗೆ ಎಲ್ಲ ಹೇಳಿದ.

ಬುಚುನನ ಭುಜ ಅಲುಗಿತು. ಸಿಟ್ಟಲ್ಲ. ನಗು.

"ಅಂದ್ರೆ, ಇಡೀ ದಿನ ಒಬ್ಬರಿಗೂ ಒಂದೂ ಕೊಡ್ಲಿಲ್ಲ?"

"ಇಲ್ಲ."

"ಕೊಡದೇ ಇರೋದಲ್ದೆ, ಅವರ ಹತ್ರಾನೇ ಇಸ್ಕೊಂಡೆ?"

"ಅವ್ರೇ ಕೊಟ್ರು."

"ಮೇಲೆ ಡೀಕನ್ನರ ಆಶೀರ್ವಾದ ಬೇರೆ!" ಮುದುಕ ತೊಡೆ ತಟ್ಟಿಕೊಂಡ. "ಅಲ್ಲಯ್ಯ, ವಯಸ್ಸಿಗೆ ಬಂದಾಗಿಂದ ನಾನು ಒಳ್ಳೇ ಕಾಯೆಲ್ಲ ಬುಟ್ಟಿ ತಳಕ್ಕೆ ಹಾಕಿ, ಮೇಲೆ ಒಣಗಿದ್ದು ಹರಡಿ, ಅದರ ಮೇಲೆ ಎಲೆ ಮುಚ್ಚಿ ಒದ್ದಾಡ್ತಿದೀನಿ. ಒಂದು ಜಿಪ್ಪು ಹೊಳೀಲಿಲ್ವಲ್ಲ ನನಗೆ! ನಿನ್ನನ್ನ ದುಂದುಗಾರ ಅಂದ್ಕೊಂಡಿದ್ದೆ. ಎರಡು ಸಲ ಬರಿಗೈಲಿ ಬಂದೆ ನೋಡು, ಇವನಿಗೆ ಕೊಟ್ರೆ ಮಗಳು ಉಪವಾಸ ಅಂತಿದ್ದೆ. ನೀನು ನನ್ನ ಜಾತಿಯವನೇ! ಲಿಗೋರ್, ಏ ಲಿಗೋರ್! ಬಾ ಈಚೆ. ನನ್ನ ಒಪ್ಪಿಗೆ ಇದೆ!"

ಫಾಲ್ಮೆದನಿಗೆ ಕಿವಿಯಲ್ಲಿ ಚರ್ಚಿನ ಗಂಟೆ ಬಡಿದಂತಾಯಿತು.

ಲಿಗೋರ್ ಕೈಯ ಮಸಿ ಒರೆಸಿಕೊಳ್ಳುತ್ತ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ಕಟ್ಟೆಯ ಮೇಲಿನ ಅಡಿಕೆಯನ್ನೂ ಚೀಲವನ್ನೂ ಅವನನ್ನೂ ನೋಡಿದಳು.

"ನನ್ನ ಒಪ್ಪಿಗೆ ಇಲ್ಲ" ಅಂದಳು.

"ಲಿಗೋರ್!" ಫಾಲ್ಮೆದ್ ಎದ್ದು ನಿಂತ.

"ನೀನು ಎರಡು ಸಲ ಬಂದೆ. ಎರಡು ಸಲವೂ ಖಾಲಿ ಬುಟ್ಟಿ. ಎರಡು ಸಲವೂ ಅಪ್ಪ ಬೇಡ ಅಂದ, ನಾನು ಜಗಳ ಆಡಿದೆ. ಯಾಕೆ ಗೊತ್ತಾ? ಹುಟ್ಟಿದಾಗಿಂದ ಈ ಮನೇಲಿ ಮುಚ್ಚಿಟ್ಟ ಬುಟ್ಟಿನೇ ನೋಡಿದೀನಿ. ನೆಂಟರು ಬಂದ್ರೆ ಅಮ್ಮ ಮುಖ ಎತ್ತೋಕೆ ಆಗ್ತಿರ್ಲಿಲ್ಲ. ಇವನೊಬ್ಬ ಸಿಕ್ಕ, ಎಲ್ಲಾ ಕೊಟ್ಟು ಬರಿಗೈಲಿ ಬರೋನು ಅಂತ..."

"ನಾಳೆಯಿಂದ ಬುಟ್ಟಿನೇ ಹಿಡೀತೀನಿ! ದೇವರಾಣೆ!"

"ಹಿಡೀತೀಯ. ಆದ್ರೆ ಇಲ್ಲ ಅನ್ನೋದು ಹೇಗೆ ಅಂತ ಕಲ್ತುಬಿಟ್ಯಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು. ಗೆಡ್ಡೆ ಸೀದು ಹೋಗುತ್ತದೆಂದು ಒಳಗೆ ಹೋದಳು.

ಬುಚುನ್ ಅವನ ಬೆನ್ನು ಸವರಿದ. "ಬಿಡು. ಅವಳು ಅವಳಮ್ಮನ ಥರ. ಅವಳು ಒಪ್ಪದಿದ್ರೇನು, ನಾನು ಒಪ್ಪಿದೀನಲ್ಲ. ನೀನು ನನ್ನ ಅಳಿಯನೇ. ಈ ಚೀಲ ನನ್ನ ಹತ್ರ ಇರ್ಲಿ."

ಉರುಳಿದ ಅಡಿಕೆಯನ್ನೆಲ್ಲ ಮುದುಕನೇ ಆರಿಸಿ ತುಂಬಿಕೊಂಡ.

ಮರುದಿನ ಫಾಲ್ಮೆದ್ ಬುಟ್ಟಿ ಹಿಡಿದು ಅಂಗಡಿಗೆ ಹೋದಾಗ, ಮೆಟ್ಟಿಲ ಮೇಲೆ ಆಗಲೇ ಬುಚುನ್ ಕೂತಿದ್ದ. "ಬಂದ್ಯಾ ಅಳಿಯಾ" ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ಅಂದಿನಿಂದ ಮುದುಕ ದಿನವೂ ಬರುತ್ತಾನೆ. ಜಿಪ್ಪು ಹಾಕಿದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಸಂಜೆಯತನಕ ಅಳಿಯನ ಬುಟ್ಟಿಯಿಂದ ಒಂದೊಂದೇ ಕೇಳಿ ಜಗಿಯುತ್ತಾನೆ.